ಸೋಲಾರ್ ಇದ್ದರೂ ಎರಡನೇ ಬಕೆಟ್‌ಗೆ ಬಿಸಿನೀರಿಲ್ಲ, ಕರೆಂಟ್ ಬಿಲ್ಲು ಮಾತ್ರ ಏರುತ್ತಿದೆ – ಮೂರ್ನಾಡು

ಹಂಡೆಮನೆ, ಮೂರ್ನಾಡು

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನಲ್ಲಿ ಕಾಫಿ ತೋಟದ ನಡುವಿನ ಮನೆ. ಮಾವ, ನಾವಿಬ್ಬರು, ಇಬ್ಬರು ಮಕ್ಕಳು, ಒಟ್ಟು ಐದು ಜನ. ಇಷ್ಟು ವರ್ಷ ಬಚ್ಚಲಿನ ತಾಮ್ರದ ಹಂಡೆಯಲ್ಲೇ ನೀರು ಕಾಯುತ್ತಿತ್ತು. ಕಳೆದ ಅಕ್ಟೋಬರ್‌ನಲ್ಲಿ, ಕಾವೇರಿ ಸಂಕ್ರಮಣ ಕಳೆದ ಮೇಲೆ, ಮಹಡಿಯಲ್ಲಿ ಹೊಸ ಸ್ನಾನದ ಮನೆ ಕಟ್ಟಿಸಿದಾಗ 200 ಲೀಟರಿನ ಗಾಜಿನ ಕೊಳವೆಯ ಸೋಲಾರ್ ಹಾಕಿಸಿದೆವು. ಟ್ಯಾಂಕಿನೊಳಗೆ ಕರೆಂಟಿನಿಂದ ನೀರು ಕಾಯಿಸುವ 2 ಕಿಲೋವ್ಯಾಟಿನ ಕಾಯಿಲ್ ಇದೆ. ಮೋಡದ ದಿನಕ್ಕೆ ಇರಲಿ ಎಂದು ಅದರ ಸ್ವಿಚ್ಚು ಯಾವಾಗಲೂ ಹಾಕಿಯೇ ಇರುತ್ತದೆ.

ಈಗ ಫೆಬ್ರವರಿ. ಕಣದಲ್ಲಿ ಹರಡಿದ ಕಾಫಿ ಗಲಗಲ ಎನ್ನುವಷ್ಟು ಒಣಗಿದೆ, ಅಷ್ಟು ಬಿಸಿಲು. ಆದರೂ ಬೆಳಗ್ಗೆ ಮೊದಲ ಬಕೆಟ್ ಮಾತ್ರ ಬಿಸಿ. ಮಗಳು ಮೇಲೆ ಷವರಿನಲ್ಲಿ ಮಿಂದು ಬಂದ ಮೇಲೆ ಕೆಳಗೆ ಮಾವನಿಗೆ ಸಿಗುವುದು ಉಗುರುಬೆಚ್ಚಗಿನ ನೀರು. ಅಡುಗೆಯ ಥರ್ಮಾಮೀಟರ್ ಇಟ್ಟು ನೋಡಿದೆ: ಮೊದಲ ಬಕೆಟ್ 51 ಡಿಗ್ರಿ, ಮೂರನೆಯದು 30. ಮಾವನಿಗೆ ಎಂಬತ್ತೊಂದು ವರ್ಷ. ಅವರು ಏನೂ ಹೇಳುವುದಿಲ್ಲ, ಸುಮ್ಮನೆ ಸೌದೆ ಎತ್ತಿಕೊಂಡು ಹಳೆಯ ಬಚ್ಚಲಿಗೆ ಹೋಗುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನೊಂದು ಪೆಟ್ಟು ಬಿಲ್ಲಿನದು. ಗೃಹಜ್ಯೋತಿಯಲ್ಲಿ ನಮಗೆ ಶೂನ್ಯ ಬಿಲ್ಲು ಬರುತ್ತಿತ್ತು. ಎರಡು ತಿಂಗಳಿಂದ ಬಳಕೆ 200 ಯೂನಿಟ್ ದಾಟಿ ಪೂರ್ತಿ ಹಣ ಕಟ್ಟುತ್ತಿದ್ದೇವೆ. ಅಂಗಡಿಯವರು ಸೋಲಾರ್ ಸಾಲದು, ಹೀಟ್ ಪಂಪ್ ಹಾಕಿ ಎನ್ನುತ್ತಾರೆ. ನಮ್ಮ ಭಾವ ಗ್ಯಾಸ್ ಗೀಸರ್ ಸಾಕು ಎನ್ನುತ್ತಾರೆ. ಯಾವುದು ಸರಿ?

ಮಳೆಮಾಪಕ, ನಾಪೋಕ್ಲು

ತಂಗೀ, ಹೊಸದೇನನ್ನೂ ಕೊಳ್ಳಬೇಡಿ. ಇರುವ ಬಿಸಿ ಎಲ್ಲಿ ಹೋಗುತ್ತಿದೆ ಎಂದು ಮೊದಲು ಹುಡುಕೋಣ.

ಗ್ಯಾಸ್ ಗೀಸರಿನ ಮಾತನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ನಮ್ಮ ಚಳಿಗೆ ಸ್ನಾನದ ಮನೆಯ ಕಿಟಕಿಯನ್ನು ಯಾರೂ ತೆರೆದಿಡುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೀಯುತ್ತಿರುವವರಿಗೆ ತಲೆ ತಿರುಗಿತು ಎಂದು ಗೊತ್ತಾಗುವಷ್ಟರಲ್ಲಿ ಬಾಗಿಲಿನ ಚಿಲಕ ತೆಗೆಯುವ ಶಕ್ತಿ ಇರುವುದಿಲ್ಲ. ಹಾಕಲೇಬೇಕೆಂದಿದ್ದರೆ ಹೊರಗೋಡೆಗೆ ಹಾಕಿ, ಕೊಳವೆ ಮಾತ್ರ ಒಳಗೆ ಬರಲಿ. ಸ್ನಾನದ ಮನೆಯೊಳಗೆ ಬೇಡವೇ ಬೇಡ.

ಇನ್ನು ಸೋಲಾರ್. ಎರಡು ವಿಷಯ ನೋಡಿ ಹೇಳಿ. ಮೊದಲನೆಯದು ನೆರಳು. ನಮ್ಮಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ ನಡುಹಗಲಿನಲ್ಲೂ ದಕ್ಷಿಣಕ್ಕೆ ವಾಲಿಕೊಂಡೇ ಇರುತ್ತಾನೆ, ಸುಮಾರು 54 ಡಿಗ್ರಿ ಎತ್ತರದಲ್ಲಿ. 20 ಮೀಟರಿನ ಸಿಲ್ವರ್ ಓಕ್ ಮರ ಆಗ ನಡುಹಗಲಿಗೇ ಹದಿನಾಲ್ಕು ಮೀಟರಿಗಿಂತ ಉದ್ದದ ನೆರಳು ಚೆಲ್ಲುತ್ತದೆ, ಬೆಳಗ್ಗೆ ಒಂಬತ್ತಕ್ಕೆ ಇನ್ನೂ ಉದ್ದ. ಎರಡನೆಯದು ಗಾಜಿನ ಕೊಳವೆಗಳ ಬುಡ. ಕೆಳಗಿನ ಪ್ಲಾಸ್ಟಿಕ್ ಬಟ್ಟಲನ್ನು ಸರಿಸಿ ನೋಡಿದರೆ ಕೊಳವೆಯ ತುದಿ ಕನ್ನಡಿಯಂತೆ ಹೊಳೆಯಬೇಕು. ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗಿನ ನಿರ್ವಾತ ಹೋಗಿದೆ, ಆ ಕೊಳವೆ ಹೀರಿದ ಬಿಸಿಯನ್ನು ಹಾಗೆಯೇ ಗಾಳಿಗೆ ಬಿಡುತ್ತದೆ.

ಹಂಡೆಮನೆ, ಮೂರ್ನಾಡು

ಮೇಷ್ಟ್ರೇ, ತುಂಬಾ ಉಪಕಾರವಾಯಿತು. ಯಜಮಾನರು ಏಣಿ ಹತ್ತಿ ನೋಡಿದರು. ಎಲ್ಲ ಕೊಳವೆಗಳೂ ಹೊಳೆಯುತ್ತಿವೆ. ಮರಗಳನ್ನು ಕಳೆದ ಮೇ ತಿಂಗಳಿನಲ್ಲಿ ಕಪಾತು ಮಾಡಿಸಿ ಕೊಂಬೆ ಸವರಿಸಿದ್ದೆವು, ಬೆಳಗ್ಗೆ ಒಂಬತ್ತೂವರೆಯಿಂದ ನಾಲ್ಕರವರೆಗೆ ಬಿಸಿಲಿಗೆ ಅಡ್ಡಿಯಿಲ್ಲ.

ಇನ್ನೊಂದು ವಿಷಯ, ಇದಕ್ಕೂ ಅದಕ್ಕೂ ಸಂಬಂಧವಿದೆಯೋ ಇಲ್ಲವೋ ಗೊತ್ತಿಲ್ಲ. ಸೋಲಾರ್ ಟ್ಯಾಂಕಿನ ಗಾಳಿ ಕೊಳವೆಯ (ಒಳಗಿನ ಗಾಳಿ ಹೊರಹೋಗಲು ಮೇಲೆ ತೆರೆದಿಟ್ಟ ಕೊಳವೆ) ಬುಡದಲ್ಲಿ ತಾರಸಿಗೆ ಪಾಚಿ ಹಿಡಿದಿದೆ. ಇಬ್ಬನಿ ಇರಬೇಕು ಎಂದುಕೊಂಡಿದ್ದೆವು. ಆದರೆ ಬೇರೆಲ್ಲೂ ಇಲ್ಲದ ಪಾಚಿ ಅಲ್ಲಿ ಮಾತ್ರ ಏಕೆ?

ತಾಮ್ರಕೊಳಾಯಿ, ಕುಶಾಲನಗರ

ಅಕ್ಕಾ, ಆ ಪಾಚಿ ಇಬ್ಬನಿಯದಲ್ಲ. ಹದಿನೆಂಟು ವರ್ಷದಿಂದ ಕೊಳಾಯಿ ಕೆಲಸ ಮಾಡುತ್ತಿದ್ದೇನೆ, ಇಂಥ ಪಾಚಿಯನ್ನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಮೂರು ಪ್ರಶ್ನೆಗಳಿಗೆ ಉತ್ತರ ಕೊಡಿ.

ಮಹಡಿಯ ಷವರಿಗೆ ನೀರಿನ ರಭಸ ಸಾಲದೆಂದು ಪ್ರೆಷರ್ ಪಂಪ್ ಹಾಕಿಸಿದ್ದೀರಾ? ಹಾಕಿಸಿದ್ದರೆ ಅದು ತಣ್ಣೀರಿನ ಸಾಲಿನಲ್ಲಿ ಮಾತ್ರ ಇದೆಯೇ? ಕೆಳಗಿನ ಬಚ್ಚಲಿನಲ್ಲಿ ಬರೀ ಬಿಸಿನೀರಿನ ನಲ್ಲಿ ತೆರೆದಾಗ ಆ ಪಂಪು ತಾನಾಗಿ ಓಡುತ್ತದೆಯೇ?

ಹಂಡೆಮನೆ, ಮೂರ್ನಾಡು

ಪಂಪು ಇದೆ, ತಣ್ಣೀರಿಗೆ ಮಾತ್ರ. ಮೂರನೆಯ ಪ್ರಶ್ನೆ ಓದಿ ಮೈ ಜುಮ್ಮೆಂದಿತು. ಹೌದು, ಓಡುತ್ತದೆ! ಮಾವ ಕೆಳಗೆ ಬಿಸಿನೀರು ಬಿಟ್ಟ ಕೂಡಲೇ ಮೇಲೆ ಗುಂಯ್ ಎನ್ನುತ್ತದೆ. ಪಂಪು ಹಾಗೆಯೇ ಇರಬೇಕೇನೋ ಎಂದುಕೊಂಡಿದ್ದೆವು.

ತಾಮ್ರಕೊಳಾಯಿ, ಕುಶಾಲನಗರ

ಹಾಗಿದ್ದರೆ ಕಳ್ಳ ಸಿಕ್ಕಿದ. ನಿಮ್ಮ ಮೇಲಿನ ಮಿಕ್ಸರ್ ನಲ್ಲಿಯೊಳಗೆ ಬಿಸಿನೀರು ಮತ್ತು ತಣ್ಣೀರು ಒಂದೇ ಕೋಣೆಯಲ್ಲಿ ಸೇರುತ್ತವೆ. ಮಿಂದ ಮೇಲೆ ಮಿಕ್ಸರನ್ನು ತಿರುಗಿಸಿ ಮುಚ್ಚದೆ, ಕೈಷವರಿನ ಗುಂಡಿಯನ್ನಷ್ಟೇ ಬಿಟ್ಟರೆ ಹೊರದಾರಿ ಮುಚ್ಚುತ್ತದೆ, ಒಳದಾರಿ ತೆರೆದೇ ಇರುತ್ತದೆ. ತಣ್ಣೀರಿನ ಹಿಂದೆ ಪಂಪಿನ ಬಲವಿದೆ, ಬಿಸಿನೀರಿನ ಹಿಂದೆ ಟ್ಯಾಂಕಿನ ಎತ್ತರ ಬಿಟ್ಟರೆ ಬೇರೆ ಬಲವಿಲ್ಲ. ಹೀಗಾಗಿ ತಣ್ಣೀರು ಬಿಸಿನೀರಿನ ಕೊಳವೆಗೆ ನುಗ್ಗಿ, ಹಿಮ್ಮುಖವಾಗಿ ಹರಿದು, ಸೋಲಾರ್ ಟ್ಯಾಂಕಿನ ನೆತ್ತಿಗೇ ಬೀಳುತ್ತದೆ. ಅಲ್ಲಿ ಹಿಡಿಸದ ನೀರು ಗಾಳಿ ಕೊಳವೆಯಿಂದ ಹೊರಗೆ ತೊಟ್ಟಿಕ್ಕುತ್ತದೆ. ನಿಮ್ಮ ಪಾಚಿ ಅದೇ. ಕೆಳಗೆ ಮಾವನವರು ನಲ್ಲಿ ತೆರೆದಾಗ ಬರುವುದೂ ಸೋಲಾರಿನ ನೀರಲ್ಲ, ಮಿಕ್ಸರಿನ ಮೂಲಕ ಇಳಿದು ಬಂದ ಪಂಪಿನ ತಣ್ಣೀರು.

ಖಚಿತಪಡಿಸಿಕೊಳ್ಳಲು ಹೀಗೆ ಮಾಡಿ. ಮೊದಲು ಕಾಯಿಲಿನ ಸ್ವಿಚ್ಚು ಆರಿಸಿ, ಇದನ್ನು ಮರೆಯಲೇಬೇಡಿ. ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗುವ ವಾಲ್ವನ್ನು ಮುಚ್ಚಿ. ಈಗ ಕೆಳಗೆ ಬಿಸಿನೀರಿನ ನಲ್ಲಿ ತೆರೆಯಿರಿ. ಸ್ವಲ್ಪ ಹೊತ್ತು ಹರಿದು ನಿಂತರೆ ಸರಿಯಾಗಿದೆ ಎಂದರ್ಥ, ಏಕೆಂದರೆ ಬಿಸಿನೀರು ಹೊರಡುವುದು ಟ್ಯಾಂಕಿನ ಮೇಲ್ಭಾಗದಿಂದ. ನಿಲ್ಲದೆ ತಣ್ಣಗೆ ಹರಿಯುತ್ತಲೇ ಇದ್ದರೆ ಅದು ಬೇರೆ ದಾರಿಯಿಂದ ಬರುತ್ತಿದೆ.

ಮಳೆಮಾಪಕ, ನಾಪೋಕ್ಲು

ಬಿಲ್ಲಿನ ಲೆಕ್ಕವೂ ಇದಕ್ಕೇ ಹೊಂದುತ್ತದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 1.163 ವ್ಯಾಟ್-ಗಂಟೆ ಬೇಕು. 200 ಲೀಟರನ್ನು 25 ಡಿಗ್ರಿ ಏರಿಸಿದರೆ 5.8 ಯೂನಿಟ್. ದಿನವೂ ತಣ್ಣೀರು ನುಗ್ಗಿ, ದಿನವೂ ಕಾಯಿಲ್ ಅದನ್ನು ಕಾಯಿಸಿದರೆ ತಿಂಗಳಿಗೆ 174 ಯೂನಿಟ್. ಬೆಳಗ್ಗೆ ಎಂಟರೊಳಗೆ ಕಾಯಿಲ್ ಟ್ಯಾಂಕನ್ನು ಮತ್ತೆ ಬಿಸಿ ಮಾಡಿಟ್ಟರೆ ಒಂಬತ್ತೂವರೆಗೆ ಬರುವ ಬಿಸಿಲಿಗೆ ಕೆಲಸವೇ ಉಳಿಯುವುದಿಲ್ಲ. ಆ ಸ್ವಿಚ್ಚನ್ನು ಇವತ್ತೇ ಆರಿಸಿಬಿಡಿ. ಬೇಕಾದ ದಿನ ಸ್ನಾನಕ್ಕೆ ಎರಡು ಮೂರು ಗಂಟೆ ಮುಂಚೆ ಹಾಕಿದರೆ ಸಾಕು. ಮರೆಯುವವರಾದರೆ ಟೈಮರ್ ಹಾಕಿಸಿ.

ಹಂಡೆಮನೆ, ಮೂರ್ನಾಡು

ಪರೀಕ್ಷೆ ಮಾಡಿದೆವು. ನೀರು ನಿಲ್ಲಲೇ ಇಲ್ಲ. ಎರಡು ಬಕೆಟ್ ತುಂಬಿದರೂ ಹರಿಯುತ್ತಲೇ ಇತ್ತು, ಬಾವಿಯ ನೀರಿನಷ್ಟು ತಣ್ಣಗೆ. ಯಜಮಾನರು ಮೇಲೆ ಹೋಗಿ ಮಿಕ್ಸರನ್ನು ಪೂರ್ತಿ ತಿರುಗಿಸಿ ಮುಚ್ಚಿದ ಕೂಡಲೇ ಪಂಪೂ ನಿಂತಿತು, ಕೆಳಗಿನ ನೀರೂ ನಿಂತಿತು. ನಾಲ್ಕು ತಿಂಗಳು ನಾವು ತಣ್ಣೀರನ್ನೇ ಮತ್ತೆ ಮತ್ತೆ ಕಾಯಿಸಿದೆವಲ್ಲ! ಈಗ ಕಾಯಂ ಪರಿಹಾರ ಏನು?

ತಾಮ್ರಕೊಳಾಯಿ, ಕುಶಾಲನಗರ

ಮಿಕ್ಸರಿಗೆ ಬರುವ ಬಿಸಿನೀರು, ತಣ್ಣೀರು ಎರಡೂ ಸಾಲಿಗೆ ಹಿತ್ತಾಳೆಯ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ನೀರು ಒಂದೇ ದಿಕ್ಕಿಗೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ವಾಲ್ವಿನ ಮೇಲಿನ ಬಾಣದ ಗುರುತು ಮಿಕ್ಸರಿನ ಕಡೆಗೆ ಇರಬೇಕು. ಆದರೆ ಅಷ್ಟಕ್ಕೇ ಷವರ್ ಸರಿಹೋಗುವುದಿಲ್ಲ. ಪಂಪಿನ ರಭಸದ ಮುಂದೆ ಬಿಸಿನೀರು ಮಿಕ್ಸರಿನೊಳಗೆ ಬರುವುದೇ ಕಷ್ಟ. ಎರಡೂ ಕಡೆ ಸಮಬಲವಿರಬೇಕು. ಪಂಪನ್ನು ತೆಗೆದು ಎರಡನ್ನೂ ಟ್ಯಾಂಕಿನ ಎತ್ತರದಿಂದಲೇ ಇಳಿಸಿ, ಇಲ್ಲವೇ ಬಿಸಿನೀರು ಹೊರಬರುವ ಸಾಲಿಗೂ ಬಿಸಿ ತಡೆಯುವ ಇನ್ನೊಂದು ಪಂಪ್ ಇಡಿ. ಸೋಲಾರ್ ಟ್ಯಾಂಕಿನ ಒಳಹರಿವಿಗೆ ಮಾತ್ರ ಪಂಪ್ ಕೊಡಬೇಡಿ, ಗಾಳಿ ಕೊಳವೆ ಇರುವ ಟ್ಯಾಂಕು ಒತ್ತಡಕ್ಕಾಗಿ ಮಾಡಿದ್ದಲ್ಲ.

ಟ್ಯಾಂಕಿನಿಂದ ಕೆಳಗಿನ ಬಚ್ಚಲಿಗೆ ಕೊಳವೆ ಎಷ್ಟು ಉದ್ದವಿದೆ? ಹೊದಿಕೆ ಇದೆಯೇ?

ಹಂಡೆಮನೆ, ಮೂರ್ನಾಡು

ಸುಮಾರು ಹದಿನೈದು ಮೀಟರ್. ಹೊದಿಕೆ ಏನೂ ಇಲ್ಲ, ಬರಿಯ ಕೊಳವೆ.

ತಾಮ್ರಕೊಳಾಯಿ, ಕುಶಾಲನಗರ

20 ಮಿಲಿಮೀಟರ್ ಒಳಅಳತೆಯ ಕೊಳವೆಯಾದರೆ ಅಷ್ಟು ಉದ್ದದಲ್ಲಿ ನಾಲ್ಕೂ ಮುಕ್ಕಾಲು ಲೀಟರ್ ನೀರು ನಿಂತಿರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಯಾರು ನಲ್ಲಿ ತೆರೆದರೂ ಮೊದಲು ಬರುವುದು ಆ ತಣಿದ ನೀರು. ಕಪ್ಪು ನೈಟ್ರೈಲ್ ರಬ್ಬರಿನ ಹೊದಿಕೆ ತೊಡಿಸಿ, ಬಿಸಿಲು ಬೀಳುವ ಕಡೆ ಅದರ ಮೇಲೆ ತಗಡಿನ ಪಟ್ಟಿ ಸುತ್ತಿಸಿ. ಇಲ್ಲದಿದ್ದರೆ ಬಿಸಿಲಿಗೆ ರಬ್ಬರ್ ಪುಡಿಯಾಗುತ್ತದೆ, ಉಳಿದದ್ದನ್ನು ಅಳಿಲು ಮುಗಿಸುತ್ತದೆ.

ಏಲಕ್ಕಿಗಿಡ, ಸಿದ್ದಾಪುರ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಹೋಂಸ್ಟೇಯಲ್ಲಿ ಹೀಟ್ ಪಂಪ್ ಇದೆ, ಅದನ್ನು ಮೆಚ್ಚಿಕೊಂಡವನು ನಾನು. ಅದು ಸುತ್ತಲಿನ ಗಾಳಿಯ ಬಿಸಿಯನ್ನು ಹೀರಿ ನೀರಿಗೆ ಕೊಡುತ್ತದೆ, ಫ್ರಿಜ್ಜಿನ ಕೆಲಸವನ್ನೇ ತಿರುಗಿಸಿ ಮಾಡಿದ ಹಾಗೆ. ಗೀಸರ್ ಮೂರು ಯೂನಿಟ್ ಸುಡುವ ಕಡೆ ಇದಕ್ಕೆ ಸುಮಾರು ಒಂದು ಯೂನಿಟ್ ಸಾಕು. ಮಳೆಗಾಲದ ನಮ್ಮ ತೇವದ ಗಾಳಿಯಲ್ಲೂ ಚೆನ್ನಾಗಿ ನಡೆಯುತ್ತದೆ. ತೊಡಕಿರುವುದು ಕರೆಂಟಿನಲ್ಲಿ. ವೋಲ್ಟೇಜ್ ಇಳಿದರೆ ಗೀಸರಿನ ಕಾಯಿಲ್ ನಿಧಾನವಾಗುತ್ತದೆ, ಅಷ್ಟೇ: 230 ಇರಬೇಕಾದಲ್ಲಿ 180 ಬಂದರೆ 2 ಕಿಲೋವ್ಯಾಟಿನದು 1.2 ಕಿಲೋವ್ಯಾಟಿನಷ್ಟು ಕೆಲಸ ಮಾಡುತ್ತದೆ. ಹೀಟ್ ಪಂಪಿನ ಕಂಪ್ರೆಸರ್ ಅದನ್ನು ಸಹಿಸುವುದಿಲ್ಲ. ನಾನು ಸ್ಟೆಬಿಲೈಸರ್ ಹಾಕಿಸಿದ ಮೇಲೆಯೇ ನೆಮ್ಮದಿಯಾದದ್ದು. ದಿನವೂ ಹತ್ತಿಪ್ಪತ್ತು ಜನ ಮೀಯುವಲ್ಲಿ ಆ ಖರ್ಚಿಗೆ ಅರ್ಥವಿದೆ. ಐದು ಜನರ ಮನೆಗೆ, ಅದೂ ಸೋಲಾರ್ ಇರುವಾಗ, ಅವಸರ ಬೇಡ.

ಮಳೆಮಾಪಕ, ನಾಪೋಕ್ಲು

ಒಪ್ಪುತ್ತೇನೆ. ಮರ ಬಿದ್ದು ತಂತಿ ಹರಿದರೆ ಜುಲೈಯಲ್ಲಿ ನಮಗೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಬಿಸಿಲಂತೂ ಇಲ್ಲ. ಆಗ ಸೋಲಾರೂ ಇಲ್ಲ, ಹೀಟ್ ಪಂಪೂ ಇಲ್ಲ. ತಂಗೀ, ಹಂಡೆಯನ್ನು ಗುಜರಿಗೆ ಹಾಕಬೇಡಿ. ಮಾವನವರು ಅದನ್ನು ಬಿಟ್ಟುಕೊಡದಿರುವುದರಲ್ಲಿ ವಿವೇಕವಿದೆ.

ಬದಲಾಯಿಸಬೇಕಾದದ್ದು ಒಲೆಯನ್ನು. ಹಳೆಯ ಬಚ್ಚಲ ಒಲೆಯಲ್ಲಿ ಉರಿಯ ಬಹುಪಾಲು ಬಾಯಿಯಿಂದ ಹೊರಗೆ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯನ್ನು ನಮ್ಮ ವಯಸ್ಸಿನವರು ಬಲ್ಲರು. ಅದೇ ತತ್ತ್ವ ಇಲ್ಲಿಗೂ ಸಾಕು: ಸೌದೆಯ ಕೆಳಗೆ ಕಬ್ಬಿಣದ ಜಾಲರಿ, ಅದರಡಿಯಿಂದ ಗಾಳಿ, ಉರಿ ಹಂಡೆಯ ಹೊಟ್ಟೆಯನ್ನು ಸುತ್ತಿ ಹೋಗುವಂತೆ ಬೆರಳಗಲದ ಸಂದು, ಕೊನೆಗೆ ಚಿಮಣಿ. ಕಪಾತಿನಲ್ಲಿ ಬಿದ್ದ ಕೊಂಬೆಗಳನ್ನು ಮಳೆಗೆ ಮುನ್ನ ಮಾಡಿನಡಿ ಒಟ್ಟಿ ಒಣಗಿಸಿ. ಹಸಿ ಸೌದೆಯ ಬೆಂಕಿಯ ಒಂದು ಪಾಲು ತನ್ನ ನೀರನ್ನೇ ಕಾಯಿಸುವುದರಲ್ಲಿ ಸವೆಯುತ್ತದೆ.

ಮತ್ತೊಂದು ಮಾತು, ಇದನ್ನು ದಯವಿಟ್ಟು ಮಾಡಿಸಿ. ಮಳೆಗಾಲದಲ್ಲಿ ಹಂಡೆಗೆ ತುಂಬುವ ನೀರನ್ನು ಸೋಲಾರ್ ಟ್ಯಾಂಕಿನಿಂದಲೇ ಬಿಡಿ. ಮೋಡದ ಬೆಳಕಿನಲ್ಲೂ ಕೊಳವೆಗಳು ಅಷ್ಟಿಷ್ಟು ಬಿಸಿ ಹಿಡಿಯುತ್ತವೆ. 19 ಡಿಗ್ರಿಯ ನೀರನ್ನು 42ಕ್ಕೆ ಏರಿಸುವ ಬದಲು 27ರಿಂದ ಏರಿಸಿದರೆ ಮೂರರಲ್ಲೊಂದು ಪಾಲು ಸೌದೆ ಉಳಿಯಿತು.

ಹಂಡೆಮನೆ, ಮೂರ್ನಾಡು

ಜುಲೈ ಕೊನೆಯ ವಾರ, ಕಕ್ಕಡ ಮಾಸದ ಮಳೆ. ನಾಲ್ಕು ದಿನ ಕರೆಂಟ್ ಇರಲಿಲ್ಲ, ನಿನ್ನೆ ರಾತ್ರಿ ಬಂತು. ಆದದ್ದನ್ನೆಲ್ಲ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ.

ಮಾರ್ಚ್‌ನಲ್ಲೇ ಎರಡು ವಾಲ್ವ್ ಹಾಕಿಸಿ, ಪಂಪು ತೆಗೆಸಿದೆವು. ಮೇಲಿನ ಷವರ್ ಸಣ್ಣ ಧಾರೆಯಾಗಿ ಬರುತ್ತದೆ, ಮಗಳು ಬಕೆಟಿಗೆ ಒಗ್ಗಿಕೊಂಡಳು. ಕಾಯಿಲಿನ ಸ್ವಿಚ್ಚು ಹಾಕಿದ್ದು ಮೇ ಕೊನೆಯವರೆಗೆ ಮೂರೇ ಸಲ. ಏಪ್ರಿಲ್‌ನಲ್ಲಿ ಐದನೆಯ ಬಕೆಟ್ ಕೂಡ 49 ಡಿಗ್ರಿ ಇತ್ತು. ಬಿಲ್ಲು ಮತ್ತೆ ಶೂನ್ಯಕ್ಕೆ ಬಂತು. ಗಾಳಿ ಕೊಳವೆಯ ಬುಡದ ಪಾಚಿ ಬೇಸಿಗೆಯಲ್ಲಿ ಒಣಗಿ ಸಿಪ್ಪೆಯಾಗಿ ಉದುರಿತು.

ಹಂಡೆಗೆ ಜಾಲರಿ, ಚಿಮಣಿ ಎರಡೂ ಬಂದಿವೆ. ಸೋಲಾರಿನಿಂದ ಹಂಡೆಗೆ ನಲ್ಲಿ ಎಳೆಸಿದ್ದೇವೆ. ಇವತ್ತು ಬೆಳಗ್ಗೆ ಟ್ಯಾಂಕಿನ ನೀರು 26 ಡಿಗ್ರಿ. ಮೊದಲು ಒಂದು ಗಂಟೆ ಹಿಡಿಯುತ್ತಿದ್ದ ಹಂಡೆ ಈಗ ಅರ್ಧ ಗಂಟೆಯಲ್ಲಿ ಕಾಯುತ್ತದೆ, ಬಚ್ಚಲಿನಲ್ಲಿ ಹೊಗೆಯಿಲ್ಲ. ಮಾವ ಮೊದಲ ದಿನ ಮಿಂದು ಬಂದು, "ಕಣ್ಣು ಉರಿಯಲಿಲ್ಲ" ಎಂದರು.

ಒಂದು ತೊಂದರೆ ಉಳಿದಿದೆ. ಗಾಳಿಮಳೆ ಜೋರಾದರೆ ಚಿಮಣಿಯೊಳಗೆ ನೀರು ಇಳಿದು ಜಾಲರಿ ತೇವವಾಗುತ್ತದೆ. ಚಿಮಣಿ ನಾಲ್ಕು ಇಂಚಿನದು, ಮೇಲೆ ಐದು ಇಂಚಿನ ತಗಡಿನ ಟೋಪಿ ಇದೆ. ಹೆಂಚು ದಾಟುವ ಕಡೆ ಸೋರಿಕೆಯಿಲ್ಲ.

ತಾಮ್ರಕೊಳಾಯಿ, ಕುಶಾಲನಗರ

ಟೋಪಿ ಬಹಳ ಚಿಕ್ಕದಾಯಿತು ಅಕ್ಕಾ. ನಾಲ್ಕು ಇಂಚಿನ ಕೊಳವೆಗೆ ಒಂಬತ್ತು ಇಂಚು ಅಗಲದ, ಇಳಿಜಾರಿನ ಟೋಪಿ ಬೇಕು. ಕೊಳವೆಯ ಬಾಯಿಗೂ ಟೋಪಿಗೂ ನಡುವೆ ಮೂರು ಇಂಚು ಬಿಡಿ, ಅದಕ್ಕಿಂತ ಕಡಿಮೆಯಾದರೆ ಹೊಗೆ ತಿರುಗಿ ಬಚ್ಚಲಿಗೆ ಬರುತ್ತದೆ. ಮಳೆ ಬಿಡುವು ಕೊಟ್ಟ ದಿನ ಮಾಡಿಸಿ, ಒದ್ದೆ ಹೆಂಚಿನ ಮೇಲೆ ಯಾರನ್ನೂ ಹತ್ತಿಸಬೇಡಿ.