ಮೊದಲ ಲ್ಯಾಪ್‌ಟಾಪ್: ಹೊರದೇಶದಿಂದ ತರಿಸಿದರೆ ನಿಜವಾಗಿ ಎಷ್ಟು ಉಳಿಯುತ್ತದೆ?

ಮೊದಲಸಲ:

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಸ್ವಂತಕ್ಕೆ ಲ್ಯಾಪ್‌ಟಾಪ್ ಕೊಳ್ಳುತ್ತಿದ್ದೇನೆ. ಇಷ್ಟು ದಿನ ಕಾಲೇಜಿನ ಲ್ಯಾಬ್, ಅದಿಲ್ಲದಿದ್ದರೆ ಗೆಳತಿಯ ಹಳೇ ಲ್ಯಾಪ್‌ಟಾಪ್. ಎರಡು ವರ್ಷ ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟ ದುಡ್ಡು ಇದು. ಅದಕ್ಕೇ ಇಷ್ಟೊಂದು ಯೋಚನೆ.

ಅಣ್ಣ ಹೊರದೇಶದಲ್ಲಿ ಓದುತ್ತಿದ್ದಾನೆ, ಎರಡು ತಿಂಗಳಲ್ಲಿ ರಜೆಗೆ ಬರುತ್ತಾನೆ. ನನಗೆ ಬೇಕಾದ ಲ್ಯಾಪ್‌ಟಾಪ್ ಅಲ್ಲಿನ ವೆಬ್‌ಸೈಟ್‌ನಲ್ಲಿ ಸುಮಾರು ಶೇ. 15 ಕಡಿಮೆಗೆ ಕಾಣಿಸುತ್ತಿದೆ. ಅವನಿಗೆ ಸ್ಟೂಡೆಂಟ್ ಡಿಸ್ಕೌಂಟ್ ಸಿಗುತ್ತದೆ. ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸ್ ವಾಪಸ್ ಕೊಡುತ್ತಾರೆ ಅಂತಲೂ ಕೇಳಿದ್ದೇನೆ. ಮೂರನ್ನೂ ಕೂಡಿಸಿದರೆ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಉಳಿಯುತ್ತದೆ ಅಂತ ನನ್ನ ಲೆಕ್ಕ. ಅಪ್ಪ ಮಾತ್ರ "ಅಷ್ಟು ಸುಲಭ ಇದ್ದಿದ್ದರೆ ಎಲ್ಲರೂ ಹಾಗೇ ತರಿಸುತ್ತಿದ್ದರು" ಅನ್ನುತ್ತಿದ್ದಾರೆ. ಹೀಗೆ ತರಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ನನ್ನ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಬಿಲ್ಲುಬಾಕಿ:

ನಿಮ್ಮ ಅಪ್ಪ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಉಳಿತಾಯ ಇಲ್ಲವೇ ಇಲ್ಲ ಅಂತಲ್ಲ, ಆದರೆ ನೀವು ಕೂಡಿಸಿದ ಮೂರೂ ಒಟ್ಟಿಗೆ ಸಿಗುವುದು ತುಂಬಾ ಅಪರೂಪ.

ಮೊದಲು ಟ್ಯಾಕ್ಸ್ ವಿಷಯ. ಹೆಚ್ಚಿನ ದೇಶಗಳಲ್ಲಿ ವಾಪಸ್ ಕೊಡುವುದು ಪ್ರವಾಸಕ್ಕೆ ಬಂದವರಿಗೆ, ಅಲ್ಲೇ ವಾಸ ಇರುವವರಿಗೆ ಅಲ್ಲ. ಅಣ್ಣ ಯುರೋಪಿಯನ್ ಒಕ್ಕೂಟದ ದೇಶದಲ್ಲಿ ವಾಸದ ಪರವಾನಗಿ ಪಡೆದು ಓದುತ್ತಿದ್ದರೆ ಸಾಮಾನ್ಯವಾಗಿ ಅಲ್ಲಿಯ ನಿವಾಸಿ ಅಂತಲೇ ಲೆಕ್ಕ, ಅವನಿಗೆ ಈ ಸೌಲಭ್ಯ ಸಿಗುವುದಿಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಬಿಲ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೇಳಿದಾಗಲೇ ಗೊತ್ತಾಗುವುದು. ಬ್ರಿಟನ್ನಿನ ಕಥೆ ಬೇರೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಅಂಗಡಿಯಲ್ಲಿ ಕೊಂಡು ಕೈಯಲ್ಲಿ ಒಯ್ಯುವ ಸಾಮಾನಿಗೆ ತೆರಿಗೆ ವಾಪಸ್ ಕೊಡುವುದನ್ನು 2021ರ ಶುರುವಿನಿಂದಲೇ ನಿಲ್ಲಿಸಿದ್ದಾರೆ. ಆಸ್ಟ್ರೇಲಿಯಾದಲ್ಲಿ ಇದೆ, ಒಂದೇ ವ್ಯಾಪಾರಿಯ ಹತ್ತಿರ 300 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಕೊಂಡಿರಬೇಕು, ಕೊಂಡ 60 ದಿನದೊಳಗೆ ದೇಶ ಬಿಡಬೇಕು. ಅಲ್ಲಿ ವಾಸ ಇರುವವರೂ ಕೇಳಬಹುದು.

ಅಮೆರಿಕದಲ್ಲಿ ಉಲ್ಟಾ. ವೆಬ್‌ಸೈಟ್‌ನಲ್ಲಿ ಕಾಣುವ ಬೆಲೆಗೆ ಸೇಲ್ಸ್ ಟ್ಯಾಕ್ಸ್ ಇನ್ನೂ ಸೇರಿಯೇ ಇರುವುದಿಲ್ಲ, ಬಿಲ್ ಹಾಕುವಾಗ ಮೇಲೆ ಬೀಳುತ್ತದೆ, ಅದೂ ಊರಿಂದ ಊರಿಗೆ ಬೇರೆ ಬೇರೆ. ಒರೆಗನ್, ಡೆಲವೇರ್, ಮೊಂಟಾನಾ, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳಂಥ ಕೆಲವೇ ಕಡೆ ಆ ತೆರಿಗೆ ಇಲ್ಲ. ಹಾಗಾಗಿ ಅಮೆರಿಕದ ಬೆಲೆ ನೋಡಿ "ಅಬ್ಬಾ ಎಷ್ಟು ಕಡಿಮೆ" ಅಂತ ಅನಿಸಿದರೆ, ತೆರಿಗೆ ಸೇರಿದ ನಿಮ್ಮ ದೇಶದ ಬೆಲೆಯನ್ನು ತೆರಿಗೆ ಸೇರದ ಬೆಲೆಯ ಜೊತೆ ಹೋಲಿಸುತ್ತಿದ್ದೀರಿ ಅಂತ ಅರ್ಥ.

ಇನ್ನೊಂದು, ಶೇ. 19 ತೆರಿಗೆ ಅಂದರೆ ಶೇ. 19 ವಾಪಸ್ ಅಲ್ಲ. ಜರ್ಮನಿಯಲ್ಲಿ 100ರ ಸಾಮಾನಿಗೆ ತೆರಿಗೆ ಸೇರಿ 119 ಆಗುತ್ತದೆ. ನೀವು ಕೊಟ್ಟ 119ರಲ್ಲಿ ತೆರಿಗೆ 19, ಅಂದರೆ ಶೇ. 16ರಷ್ಟು. ಅದರಲ್ಲೂ ತೆರಿಗೆ ವಾಪಸ್ ಕೊಡಿಸುವ ಮಧ್ಯದ ಕಂಪನಿ ತನ್ನ ಫೀ ಹಿಡಿದುಕೊಂಡೇ ಉಳಿದದ್ದನ್ನು ಕೊಡುತ್ತದೆ.

ಕಾರ್ಡಿನ ಬಗ್ಗೆಯೂ ಹೇಳಿಬಿಡುತ್ತೇನೆ. ದುಡ್ಡು ಕಟ್ಟುವಾಗ ಮೆಷಿನ್ "ನಿಮ್ಮ ದೇಶದ ಹಣದಲ್ಲೇ ಕಟ್ಟುತ್ತೀರಾ" ಅಂತ ಕೇಳಿದರೆ ಬೇಡ ಅನ್ನಿ. ಅಲ್ಲಿನ ಹಣದಲ್ಲೇ ಕಟ್ಟಿ. ಅವರು ಹಾಕುವ ವಿನಿಮಯ ದರ ಸಾಮಾನ್ಯವಾಗಿ ನಿಮ್ಮ ಬ್ಯಾಂಕಿನದಕ್ಕಿಂತ ದುಬಾರಿ.

ಸ್ಕ್ರೂಡ್ರೈವರ್:

ನಾನು ರಿಪೇರಿ ಕೆಲಸದವನು. ದಿನಾ ನನ್ನ ಮೇಜಿನ ಮೇಲೆ ಬರುವುದನ್ನು ನೋಡಿ ಹೇಳುತ್ತಿದ್ದೇನೆ.

"ನನಗೆ ಬೇಕಾದ ಲ್ಯಾಪ್‌ಟಾಪ್" ಅಂದಿದ್ದೀರಿ. ಅದೇನಾ? ಹೆಸರು ಒಂದೇ ಇದ್ದರೆ ಸಾಲದು. ಒಂದೇ ಹೆಸರಿನಡಿ ಕಂಪನಿಗಳು ಹತ್ತಾರು ತರದ ಲ್ಯಾಪ್‌ಟಾಪ್ ಮಾರುತ್ತವೆ. ಒಂದರಲ್ಲಿ 8 ಜಿಬಿ ರ‍್ಯಾಮ್, ಇನ್ನೊಂದರಲ್ಲಿ 16. ಒಂದರ ಸ್ಕ್ರೀನ್ ಬಿಸಿಲಲ್ಲೂ ಕಾಣುತ್ತದೆ, ಇನ್ನೊಂದರದು ಕಿಟಕಿ ಪಕ್ಕ ಕೂತರೂ ಮಂಕು. ಈಗಿನ ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಹಾಕಿಸೋಣ ಅಂದರೆ ಆಗುವುದಿಲ್ಲ. ಅದಕ್ಕೆ ಡಬ್ಬದ ಮೇಲೆ, ಲ್ಯಾಪ್‌ಟಾಪಿನ ಅಡಿಯಲ್ಲಿ ಇರುವ ಪೂರ್ತಿ ಪಾರ್ಟ್ ನಂಬರ್ ಇಟ್ಟುಕೊಂಡು ಹೋಲಿಸಿ. ಕೊನೆಯ ಒಂದೆರಡು ಅಕ್ಷರ ಬರೀ ದೇಶದ ಗುರುತು ಆಗಿರಬಹುದು. ಅದರ ಹಿಂದಿನದು ಬೇರೆ ಇದ್ದರೆ ಅದು ಬೇರೆಯೇ ಸಾಮಾನು, ಬೆಲೆ ಕಡಿಮೆ ಇರುವುದು ಡಿಸ್ಕೌಂಟ್ ಅಲ್ಲ.

ಕೀಬೋರ್ಡ್ ನೋಡಿ. ಜರ್ಮನಿಯಲ್ಲಿ ಕೊಂಡರೆ ವೈ ಮತ್ತು ಝಡ್ ಅದಲುಬದಲು. ಫ್ರಾನ್ಸಿನದರಲ್ಲಿ ಮೇಲಿನ ಸಾಲೇ ಎ, ಝಡ್ ಅಂತ ಶುರುವಾಗುತ್ತದೆ, ಅಂಕಿ ಹೊಡೆಯಲು ಶಿಫ್ಟ್ ಒತ್ತಬೇಕು. ಸೆಟ್ಟಿಂಗಿನಲ್ಲಿ ಬದಲಾಯಿಸಬಹುದು, ನಿಜ. ಆದರೆ ಕೀ ಮೇಲೆ ಅಚ್ಚಾಗಿರುವುದು ಬದಲಾಗುವುದಿಲ್ಲ ಅಲ್ವಾ. ಕೀಗಳ ಆಕಾರವೂ ಬೇರೆ. ಯುರೋಪಿನ ಹೆಚ್ಚಿನ ಕೀಬೋರ್ಡುಗಳಲ್ಲಿ ಎಂಟರ್ ಕೀ ಎರಡು ಸಾಲಿನ ಎತ್ತರ ಇರುತ್ತದೆ, ಎಡಗಡೆಯ ಶಿಫ್ಟ್ ಅರ್ಧಕ್ಕೆ ಕತ್ತರಿಸಿದ ಹಾಗೆ ಇದ್ದು ಪಕ್ಕದಲ್ಲಿ ಇನ್ನೊಂದು ಕೀ ಕೂತಿರುತ್ತದೆ. ಒಂದು ಹುಡುಗಿ ಅಂಥದ್ದನ್ನು ನನ್ನ ಹತ್ತಿರ ತಂದಿದ್ದಳು. ಕೀಗಳ ಮೇಲೆ ಸ್ಟಿಕರ್ ಅಂಟಿಸಿ ಅಂಟಿಸಿ ಬೆವರಿಗೆ ಅಂಚು ಎದ್ದು ಧೂಳು ಮೆತ್ತಿಕೊಂಡಿತ್ತು. ಆ ಮಾಡೆಲ್ಲಿನಲ್ಲಿ ಕೀಬೋರ್ಡ್ ಬದಲಿಸಬೇಕು ಅಂದರೆ ಮೇಲಿನ ಕವಚ ಪೂರ್ತಿ ಬದಲಿಸಬೇಕಿತ್ತು. ಅವಳು ಉಳಿಸಿದ ದುಡ್ಡಿಗಿಂತ ಆ ಖರ್ಚೇ ಜಾಸ್ತಿ ಆಗುತ್ತಿತ್ತು. ಪಾಪ, ಹಾಗೇ ತೆಗೆದುಕೊಂಡು ಹೋದಳು.

ಚಾರ್ಜರ್ ಬಗ್ಗೆ ಚಿಂತೆ ಬೇಡ. ಅದರ ಮೇಲೆ ಇನ್‌ಪುಟ್ 100–240 ವೋಲ್ಟ್ ಅಂತ ಇದ್ದರೆ ಎಲ್ಲ ದೇಶದಲ್ಲೂ ನಡೆಯುತ್ತದೆ, ಗೋಡೆಗೆ ಹಾಕುವ ತಂತಿ ಒಂದನ್ನು ಬದಲಿಸಿದರೆ ಆಯಿತು.

ವಾರಂಟಿ ಮಾತ್ರ ಬಾಯಿಮಾತಿನಲ್ಲಿ ನಂಬಬೇಡಿ. ಕೆಲವು ಮಾಡೆಲ್ಲಿಗೆ ಬೇರೆ ದೇಶದಲ್ಲೂ ಸರ್ವಿಸ್ ಸಿಗುತ್ತದೆ, ಕೆಲವಕ್ಕೆ ಕೊಂಡ ದೇಶದಲ್ಲಿ ಮಾತ್ರ. ಒಂದೇ ಕಂಪನಿಯ ಎರಡು ಮಾಡೆಲ್ಲಿಗೆ ಎರಡು ನಿಯಮ ಇರುವುದನ್ನೂ ನೋಡಿದ್ದೇನೆ. ಕೊಳ್ಳುವ ಮೊದಲು ಕಂಪನಿಯ ಸಪೋರ್ಟಿಗೆ ಪಾರ್ಟ್ ನಂಬರ್ ಬರೆದು ಕೇಳಿ, ಉತ್ತರ ಬರವಣಿಗೆಯಲ್ಲಿ ಇಟ್ಟುಕೊಳ್ಳಿ.

ಸೂಟ್‌ಕೇಸ್:

ಟ್ಯಾಕ್ಸ್ ವಾಪಸ್ ವಿಷಯಕ್ಕೆ ನನ್ನ ಅನುಭವ ಹೇಳಬೇಕು, ಬೇರೆಯವರಿಗೆ ಹೀಗಾಗಬಾರದು.

ಯುರೋಪ್ ಪ್ರವಾಸಕ್ಕೆ ಹೋದಾಗ ಮಗನಿಗೆ ಲ್ಯಾಪ್‌ಟಾಪ್ ಕೊಂಡೆ. ಅಂಗಡಿಯವರು ಫಾರಂ ತುಂಬಿ ಕೊಟ್ಟರು. ಎಲ್ಲಾ ಸರಿ ಇತ್ತು. ವಾಪಸ್ ಬರುವ ದಿನ ಲ್ಯಾಪ್‌ಟಾಪನ್ನು ಡಬ್ಬದ ಸಮೇತ ದೊಡ್ಡ ಸೂಟ್‌ಕೇಸಿನಲ್ಲಿ ಬಟ್ಟೆಗಳ ಮಧ್ಯೆ ಇಟ್ಟು, ಚೆಕ್-ಇನ್ ಮಾಡಿ, ಆರಾಮಾಗಿ ಕಸ್ಟಮ್ಸ್ ಕೌಂಟರ್ ಹುಡುಕಿಕೊಂಡು ಹೋದೆ. ಮುಂದೆ ಉದ್ದ ಸಾಲು. ನನ್ನ ಸರದಿ ಬಂದಾಗ ಅಧಿಕಾರಿ ಫಾರಂ ನೋಡಿ, ಸಾಮಾನು ತೋರಿಸಿ ಅಂದರು. ಸೂಟ್‌ಕೇಸ್ ಆಗಲೇ ಬೆಲ್ಟಿನ ಮೇಲೆ ಒಳಗೆ ಹೋಗಿತ್ತು. ಮುದ್ರೆ ಬೀಳಲಿಲ್ಲ. ಮುದ್ರೆ ಇಲ್ಲದ ಫಾರಂ ಬರೀ ಕಾಗದ. ಮನೆಗೆ ಬಂದ ಮೇಲೂ ಎಷ್ಟೋ ದಿನ ಅದನ್ನು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ.

ಆದ್ದರಿಂದ ಲ್ಯಾಪ್‌ಟಾಪ್ ಕೈಚೀಲದಲ್ಲೇ ಇರಲಿ. ಬ್ಯಾಟರಿ ಇರುವ ಸಾಮಾನಿಗೆ ಅದು ಹೇಗೂ ಒಳ್ಳೆಯದು. ದಾರಿಯಲ್ಲಿ ವಿಮಾನ ಬದಲಿಸುವುದಿದ್ದರೆ, ಕೈಚೀಲದ ಸಾಮಾನಿಗೆ ಮುದ್ರೆ ಹಾಕುವುದು ಯುರೋಪಿಯನ್ ಒಕ್ಕೂಟ ಬಿಡುವ ಕೊನೆಯ ನಿಲ್ದಾಣದಲ್ಲಿ. ಅಲ್ಲಿ ಸಮಯ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಕೊಂಡ ತಿಂಗಳು ಮುಗಿದ ಮೇಲೆ ಮೂರು ತಿಂಗಳೊಳಗೆ ಸಾಮಾನು ಒಕ್ಕೂಟದಿಂದ ಹೊರಗೆ ಹೋಗಬೇಕು ಅನ್ನುವ ನಿಯಮವೂ ಇದೆ.

ನೀವು ಒಂದು ವಿಷಯ ಬರೆದೇ ಇಲ್ಲಮ್ಮ. ನಿಮ್ಮ ದೇಶದ ಕಸ್ಟಮ್ಸ್. ಒಬ್ಬ ಪ್ರಯಾಣಿಕನಿಗೆ ಒಂದು ಲ್ಯಾಪ್‌ಟಾಪ್ ಅಂತ ಸುಂಕವಿಲ್ಲದೆ ಬಿಡುವ ದೇಶಗಳಿವೆ. ಅಣ್ಣ ತನ್ನದನ್ನೂ ತರುತ್ತಾನಲ್ಲ? ಆಗ ನಿಮ್ಮದು ಎರಡನೆಯದು. ನಿಮ್ಮ ಕಸ್ಟಮ್ಸ್ ಇಲಾಖೆಯ ವೆಬ್‌ಸೈಟ್‌ನಲ್ಲೇ ನಿಯಮ ಓದಿ, ನೆಂಟರು ಹೇಳಿದ್ದನ್ನು ನಂಬಬೇಡಿ. ಕೊರಿಯರಿನಲ್ಲಂತೂ ಕಳಿಸುವುದು ಬೇಡ. ಸುಂಕದ ಲೆಕ್ಕ ಸಾಮಾನಿನ ಬೆಲೆಯ ಮೇಲಷ್ಟೇ ಅಲ್ಲ, ಎಷ್ಟೋ ದೇಶಗಳಲ್ಲಿ ಸಾಗಾಣಿಕೆ ಖರ್ಚನ್ನೂ ಸೇರಿಸಿಯೇ ಹಾಕುತ್ತಾರೆ.

ಮೊದಲಸಲ:

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದಿದ ಮೇಲೆ ಸ್ವಲ್ಪ ಬೇಜಾರಾಯಿತು, ಆದರೆ ದುಡ್ಡು ಕೊಡುವ ಮೊದಲೇ ಗೊತ್ತಾಗಿದ್ದು ಒಳ್ಳೆಯದಾಯಿತು.

ಅಣ್ಣ ಇರುವುದು ಯುರೋಪಿನಲ್ಲೇ, ವಾಸದ ಪರವಾನಗಿ ಇದೆ. ಅಲ್ಲಿಗೆ ಟ್ಯಾಕ್ಸ್ ವಾಪಸ್ ಮಾತು ಮುಗಿಯಿತು. ರಾತ್ರಿ ಇಬ್ಬರೂ ವಿಡಿಯೊ ಕಾಲ್‌ನಲ್ಲಿ ಕೂತು ಪಾರ್ಟ್ ನಂಬರ್ ಹೋಲಿಸಿದೆವು. ಸ್ಕ್ರೂಡ್ರೈವರ್ ಅವರು ಹೇಳಿದ ಹಾಗೇ ಆಯಿತು. ಅಲ್ಲಿ ಕಡಿಮೆ ಕಂಡಿದ್ದು 8 ಜಿಬಿಯದು, ನಾನು ಇಲ್ಲಿ ನೋಡುತ್ತಿದ್ದುದು 16 ಜಿಬಿಯದು. 16ರದ್ದು ಅಲ್ಲಿ ಹುಡುಕಿದರೆ ವ್ಯತ್ಯಾಸ ಶೇ. 5ಕ್ಕೆ ಇಳಿಯಿತು. ಅವನ ಸ್ಟೂಡೆಂಟ್ ಡಿಸ್ಕೌಂಟ್ ಇನ್ನೂ ಇದೆ. ಅದನ್ನು ನನಗೋಸ್ಕರ ಬಳಸಬಹುದಾ?

ಬಿಲ್ಲುಬಾಕಿ:

ಬಹಳಷ್ಟು ಕಡೆ ಆ ಬೆಲೆ ವಿದ್ಯಾರ್ಥಿಯ ಸ್ವಂತ ಬಳಕೆಗೆ ಅಂತ ಷರತ್ತಿನಲ್ಲೇ ಬರೆದಿರುತ್ತಾರೆ. ಅದನ್ನು ಮೀರುವುದು ಬೇಡ. ಅದರ ಅಗತ್ಯವೂ ಇಲ್ಲ, ಯಾಕೆಂದರೆ ನೀವೇ ವಿದ್ಯಾರ್ಥಿನಿ! ದೊಡ್ಡ ಕಂಪನಿಗಳು ಬೇರೆ ಬೇರೆ ದೇಶಗಳಲ್ಲಿ ತಮ್ಮ ವೆಬ್‌ಸೈಟ್‌ನಲ್ಲೇ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಬೆಲೆ ಇಡುತ್ತವೆ. ಕಾಲೇಜಿನ ಇಮೇಲ್ ಅಥವಾ ಗುರುತಿನ ಚೀಟಿ ಸಾಕು. ನಿಮ್ಮ ಹೆಸರಿನಲ್ಲಿ, ನಿಮ್ಮ ದೇಶದಲ್ಲಿ ಆ ಬೆಲೆ ನೋಡಿದ್ದೀರಾ?

ಆತುರ ಇಲ್ಲದಿದ್ದರೆ ಸಮಯವನ್ನೂ ನೋಡಿ. ಪ್ರತಿ ವರ್ಷ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ಪ್ರದರ್ಶನದಲ್ಲಿ ಹೊಸ ಮಾಡೆಲ್‌ಗಳು ಬರುತ್ತವೆ. ಆಮೇಲಿನ ತಿಂಗಳುಗಳಲ್ಲಿ ಹಿಂದಿನ ವರ್ಷದ್ದು ಇಳಿಯುತ್ತಾ ಹೋಗುತ್ತದೆ. ಮೊದಲ ಲ್ಯಾಪ್‌ಟಾಪಿಗೆ ಹಿಂದಿನ ವರ್ಷದ್ದು ಧಾರಾಳವಾಗಿ ಸಾಕು. ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೆ ಸೇಲ್ ಈಗ ಎಷ್ಟೋ ದೇಶಗಳಲ್ಲಿದೆ, ಆದರೆ "ಶೇ. 40 ಆಫ್" ಅನ್ನುವ ಬೋರ್ಡ್ ನೋಡಿ ಓಡಬೇಡಿ. ಹಳೇ ಬೆಲೆ ಎಷ್ಟಿತ್ತು ಅಂತ ನೋಡಿ. ಅಮೆಜಾನ್‌ನಲ್ಲಾದರೆ ಕೀಪಾ ಎಂಬ ಸಾಧನ ಬೆಲೆಯ ಏರಿಳಿತದ ಗೆರೆಯನ್ನೇ ತೋರಿಸುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2022ರಿಂದ ಅಂಗಡಿಯವರು ಡಿಸ್ಕೌಂಟ್ ಹಾಕಿದರೆ ಹಿಂದಿನ 30 ದಿನದ ಅತಿ ಕಡಿಮೆ ಬೆಲೆಯನ್ನೂ ತೋರಿಸಬೇಕು. ಅಣ್ಣನಿಗೆ ಹೇಳಿ, ಆ ಅಂಕಿ ಬೆಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಸ್ಕ್ರೂಡ್ರೈವರ್:

ಕಂಪನಿಯೇ ರಿಪೇರಿ ಮಾಡಿ ವಾರಂಟಿ ಕೊಟ್ಟು ಮಾರುವ ರಿಫರ್ಬಿಶ್ಡ್ ಲ್ಯಾಪ್‌ಟಾಪ್‌ಗಳನ್ನೂ ಒಮ್ಮೆ ನೋಡಿ. ನಾಚಿಕೆ ಬೇಡ. ಒಂದು ಎಚ್ಚರ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಓಡದ ಹಳೇ ಪ್ರೊಸೆಸರ್ ಇರುವುದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಪ್ರೊಸೆಸರ್ ಇಂಟೆಲ್ ಕಂಪನಿಯದಾದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಇರಲಿ.

ಮೊದಲಸಲ:

ಬಿಲ್ಲುಬಾಕಿ ಅವರೇ, ನೋಡಿರಲಿಲ್ಲ. ಈಗಷ್ಟೇ ಕಾಲೇಜಿನ ಇಮೇಲ್ ಹಾಕಿ ನೋಡಿದೆ. 16 ಜಿಬಿಯ ಅದೇ ಲ್ಯಾಪ್‌ಟಾಪ್ ಇಲ್ಲೇ ಶೇ. 8 ಕಡಿಮೆಗೆ ಸಿಗುತ್ತಿದೆ! ಅಣ್ಣನ ದೇಶದ ಮಾಮೂಲಿ ಬೆಲೆಗಿಂತಲೂ ಕಡಿಮೆ. ಕೀಬೋರ್ಡ್ ನನಗೆ ಅಭ್ಯಾಸ ಇರುವುದೇ, ವಾರಂಟಿಯೂ ಇಲ್ಲಿಯದೇ. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಪಾರ್ಟ್ ನಂಬರ್ ನೋಡಿದ್ದೀಯಾ?" ಅಂದರು. ನೋಡಿದ್ದೇನೆ. ಒಂದು ವಾರ ಬೆಲೆ ಗಮನಿಸಿ ಆರ್ಡರ್ ಹಾಕುತ್ತೇನೆ, ಬಂದ ಮೇಲೆ ಇಲ್ಲೇ ಬರೆಯುತ್ತೇನೆ.