ಪದ ಬೇಕು, ನಾಳೆ ಸಂಜೆಯೊಳಗೆ: ಸೈಕೆಡೆಲಿಕ್ ನೆರವಿನ ಚಿಕಿತ್ಸೆ, ಜೊತೆಗೆ ‘ಸೊಮ್ಯಾಟಿಕ್’

ಅನುವಾದಕಿ, ಬೆಳಗಾವಿ:

ಎಲ್ಲರಿಗೂ ನಮಸ್ಕಾರ. ಅರ್ಜೆಂಟ್ ಇದೆ, ನೇರವಾಗಿ ಕೇಳಿಬಿಡುತ್ತೇನೆ.

ಇಲ್ಲಿ ಆಪ್ತಸಮಾಲೋಚಕರಿಗೆ ಅಂತ ಅರ್ಧ ದಿನದ ಉಪನ್ಯಾಸ ಇಟ್ಟಿದ್ದಾರೆ. ಸೈಕೆಡೆಲಿಕ್ ಔಷಧದ ನೆರವಿನಿಂದ ಮಾಡುವ ಮನೋಚಿಕಿತ್ಸೆ, ಅದರ ಜೊತೆ ದೇಹದ ಮೂಲಕ ಮನಸ್ಸಿನ ನೋವಿಗೆ ಕೈಹಾಕುವ ‘ಸೊಮ್ಯಾಟಿಕ್’ ಪದ್ಧತಿಗಳು, ಇದು ವಿಷಯ. ಔಷಧ ಕೊಡುವ ಕಾರ್ಯಕ್ರಮ ಅಲ್ಲ, ಬರೀ ತಿಳಿವಳಿಕೆ. ಇಂಥ ಔಷಧಗಳಾದ ಎಲ್‌ಎಸ್‌ಡಿ, ಎಂಡಿಎಂಎ, ಸೈಲೋಸೈಬಿನ್ ಎಲ್ಲವೂ ನಮ್ಮಲ್ಲಿ ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಬರುತ್ತವೆ ಅಂತ ಕೈಪತ್ರದ ಮೊದಲ ಪುಟದಲ್ಲೇ ಹಾಕುತ್ತಿದ್ದೇವೆ. ಫ್ಲೆಕ್ಸ್, ಕೈಪತ್ರ ಎರಡೂ ನನ್ನ ತಲೆಗೆ ಬಂದಿವೆ. ಖಡೇಬಜಾರದ ಪ್ರೆಸ್‌ನವರು ನಾಳೆ ಸಂಜೆಯೊಳಗೆ ಫೈಲ್ ಕೇಳಿದ್ದಾರೆ. ಮರಾಠಿ ಫ್ಲೆಕ್ಸ್ ಆಗಲೇ ಆಗಿಹೋಗಿದೆ.

ಸೈಕೆಡೆಲಿಕ್, ಸೊಮ್ಯಾಟಿಕ್, ಇಂಟಿಗ್ರೇಶನ್ (ಔಷಧದ ದಿನದ ಅನುಭವವನ್ನು ಆಮೇಲೆ ಬದುಕಿಗೆ ಸೇರಿಸಿಕೊಳ್ಳುವುದು), ಈ ಮೂರಕ್ಕೆ ಪದ ಬೇಕು. ಒಬ್ಬರು ‘ಭ್ರಮಾಜನಕ’ ಅಂದರು. ಓದಿದವರು ಒಳಗೇ ಬರಲ್ಲ. ‘ದೈಹಿಕ ಚಿಕಿತ್ಸೆ’ ಅಂತ ಬರೆದರೆ ಮೊಣಕಾಲು ನೋವಿನವರು ಬಂದು ಕೂರುತ್ತಾರೆ.

ನಿವೃತ್ತ ಕನ್ನಡ ಮೇಷ್ಟ್ರು, ಜಮಖಂಡಿ:

‘ಭ್ರಮಾಜನಕ’ ತಪ್ಪು. ಅದು ‘ಹ್ಯಾಲೂಸಿನೋಜೆನ್’ ಎಂಬ ಬೇರೆ ಇಂಗ್ಲಿಷ್ ಪದದ ಅನುವಾದ. ಸೈಕೆಡೆಲಿಕ್ ಎಂಬುದನ್ನು ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯ 1956ರಲ್ಲಿ ಲೇಖಕ ಆಲ್ಡಸ್ ಹಕ್ಸ್‌ಲಿಗೆ ಬರೆದ ಪತ್ರದಲ್ಲಿ ಕಟ್ಟಿದ. ಗ್ರೀಕಿನಲ್ಲಿ ಸೈಕೆ ಅಂದರೆ ಮನಸ್ಸು, ಡೆಲೋಸ್ ಅಂದರೆ ಎದುರಿಗೆ ಕಾಣುವಂಥದ್ದು. ಮನಸ್ಸನ್ನು ತೆರೆದು ತೋರಿಸುವುದು, ಅಷ್ಟೇ. ಅವನು ಕಟ್ಟಬಹುದಾದರೆ ನಾವೂ ಕಟ್ಟಬಹುದು. ಹಳಗನ್ನಡದಲ್ಲಿ ಮನಸ್ಸಿಗೆ ‘ಬಗೆ’. ಬಗೆ, ತೆರೆ ಸೇರಿ ‘ಬಗೆದೆರೆ’. ಕಣ್ದೆರೆ ಆದ ಹಾಗೆಯೇ. ಇಲ್ಲಿ ಯಾರಿಗೂ ಸಂಧಿ ಬಿಡಿಸಿ ಹೇಳಬೇಕಿಲ್ಲ ಅಂದುಕೊಂಡಿದ್ದೇನೆ.

ಆದ್ದರಿಂದ ಔಷಧಕ್ಕೆ ‘ಬಗೆದೆರೆಮದ್ದು’. ಸೊಮ್ಯಾಟಿಕ್‌ಗೆ ‘ಮೈ’ ಸಾಕು. ಸ್ಪರ್ಶ ಅಂತ ಬರುವ ಕಡೆ ‘ಮುಟ್ಟು’ ಹಾಕಿ. ಚಿಕಿತ್ಸೆ ಸಂಸ್ಕೃತ, ‘ಮಾಂಜುಗೆ’ ಇದೆ.

ಸಮಾಲೋಚಕಿ, ವಿಜಯಪುರ:

ಮೇಷ್ಟ್ರೇ, ‘ಮದ್ದು’ ಖಂಡಿತ ಬೇಡ. ನಮ್ಮಲ್ಲಿಗೆ ಹಳ್ಳಿಯಿಂದ ಬರುವವರು ಮಾತು ಶುರು ಮಾಡುವುದೇ ‘ಯಾರೋ ಮದ್ದ ಹಾಕ್ಯಾರ್ರಿ’ ಅಂತ. ಊಟದಲ್ಲಿ ಏನೋ ಕಲಸಿ ಕೊಟ್ಟು ಬುದ್ಧಿ ಕೆಡಿಸಿದ್ದಾರೆ ಅನ್ನೋ ಅನುಮಾನ ಅದು. ಮನಸ್ಸಿನ ಮೇಲೆ ಕೆಲಸ ಮಾಡುವ ಔಷಧಕ್ಕೆ ಅದೇ ಹೆಸರಿಟ್ಟರೆ ಮುಗೀತು. ಇನ್ನು ‘ಮುಟ್ಟು’! ಹೆಣ್ಣುಮಕ್ಕಳೇ ಜಾಸ್ತಿ ಇರುವ ಸಭೆ ಅದು. ಕೈಪತ್ರದಲ್ಲಿ ‘ಮುಟ್ಟಿನ ಒಪ್ಪಿಗೆ’ ಅಂತ ಅಚ್ಚಾದರೆ ಯಾರೂ ಮುಂದಿನ ಸಾಲು ಓದಲ್ಲ.

ಆ ಸಾಲು ಎಲ್ಲರೂ ಓದಬೇಕಾದದ್ದು. ಔಷಧದ ಪ್ರಭಾವದಲ್ಲಿ ಇರುವವರನ್ನು ಚಿಕಿತ್ಸಕರು ಮುಟ್ಟಬಹುದೇ, ಎಲ್ಲಿ, ಯಾವಾಗ ಅಂತ ಮೊದಲೇ, ಪೂರ್ತಿ ಎಚ್ಚರ ಇರುವಾಗ ಮಾತಾಡಿಕೊಂಡಿರಬೇಕು. ಆ ಹೊತ್ತಿನಲ್ಲಿ ಹೊಸದಾಗಿ ಕೇಳಿ ‘ಹೂಂ’ ಅನ್ನಿಸಿಕೊಂಡರೆ ಅದು ಒಪ್ಪಿಗೆ ಅಲ್ಲ. ‘ಸ್ಪರ್ಶಕ್ಕೆ ಒಪ್ಪಿಗೆ’ ಅಂತ ಬರೆಯಿರಿ. ಸಂಸ್ಕೃತವಾದರೂ ಎಲ್ಲರಿಗೂ ತಿಳಿಯುತ್ತದೆ.

ಅಕ್ಕಾ, ‘ನೆರವಿನ’ ಎಂಬುದನ್ನು ಮಾತ್ರ ಬಿಡಬೇಡಿ. ಜಾಗ ಸಾಲದು ಅಂತ ‘ಸೈಕೆಡೆಲಿಕ್ ಚಿಕಿತ್ಸೆ’ ಅಂತ ಮಾಡಿದರೆ ಗುಳಿಗೆ ನುಂಗಿದರೆ ಗುಣ ಆಗುತ್ತದೆ ಅಂತ ಓದಿಕೊಳ್ಳುತ್ತಾರೆ. ವಿದೇಶದ ಪ್ರಯೋಗಗಳಲ್ಲಿ ಮೊದಲು ಔಷಧವಿಲ್ಲದೆ ಸಿದ್ಧತೆಯ ಭೇಟಿಗಳು ಇರುತ್ತವೆ. ಔಷಧದ ದಿನ ಕಣ್ಣಿಗೆ ಪಟ್ಟಿ, ಸಂಗೀತ, ಪಕ್ಕದಲ್ಲಿ ಚಿಕಿತ್ಸಕರು. ಎಂಡಿಎಂಎ ಆದರೆ ಆ ಒಂದು ದಿನವೇ ಹೆಚ್ಚುಕಮ್ಮಿ ಎಂಟು ತಾಸು. ಆಮೇಲೆ ಮತ್ತೆ ಮಾತಿನ ಭೇಟಿಗಳು. ಔಷಧ ನಡುವಿನ ಒಂದು ತುಂಡು.

‘ಭ್ರಮೆ’ಯೂ ಸರಿಯಲ್ಲ. ಎಂಡಿಎಂಎ ತಗೊಂಡವರಿಗೆ ಸಾಮಾನ್ಯವಾಗಿ ಇಲ್ಲದ್ದು ಕಾಣುವುದಿಲ್ಲ. ಅಂಜಿಕೆ ಕಮ್ಮಿಯಾಗಿ ಹಳೆಯ ನೋವಿನ ಹತ್ತಿರ ಹೋಗುವುದು ಸಾಧ್ಯವಾಗುತ್ತದೆ. ಅದಕ್ಕೇ ರಸಾಯನ ವಿಜ್ಞಾನಿ ಡೇವಿಡ್ ನಿಕೋಲ್ಸ್ 1986ರಲ್ಲಿ ಅದನ್ನು ಬೇರೆ ಗುಂಪು ಮಾಡಿ ‘ಎಂಟ್ಯಾಕ್ಟೋಜೆನ್’ ಅಂದರು, ಒಳಗನ್ನು ತಾಕುವಂಥದ್ದು.

ಈಗ ದೇಹದ ಮಾತು. ನನ್ನ ಮುಂದೆ ಕೂತವರು ‘ನನಗೆ ಖಿನ್ನತೆ’ ಅನ್ನುವುದು ಅಪರೂಪ. ‘ಎದಿ ಮ್ಯಾಲ ಕಲ್ಲ ಇಟ್ಟಂಗ ಆಗೇದ್ರಿ’ ಅಂತಾರೆ. ಹೊಟ್ಟೆಯಲ್ಲಿ ತಳಮಳ, ಗಂಟಲು ಕಟ್ಟುವುದು, ಕರುಳು ಚುರ್ ಅನ್ನುವುದು, ಮೈ ಹಗುರ ಆಗುವುದು. ಸೊಮ್ಯಾಟಿಕ್ ಪದ್ಧತಿಯವರು ಕೇಳುವುದೂ ಅದನ್ನೇ: ಕಲ್ಲು ಎಲ್ಲಿದೆ, ಎಷ್ಟು ಭಾರ, ಉಸಿರು ಬಿಟ್ಟಾಗ ಅಲ್ಲಾಡುತ್ತದಾ? ಮೈಯಲ್ಲಿ ಹೀಗೆ ಅನಿಸುವುದನ್ನೇ ತತ್ವಜ್ಞಾನಿ ಯೂಜೀನ್ ಜೆಂಡ್ಲಿನ್ ‘ಫೆಲ್ಟ್ ಸೆನ್ಸ್’ ಅಂತ ಕರೆದರು. ಇದಕ್ಕೊಂದು ಪದ ಕೊಡಿ ಮೇಷ್ಟ್ರೇ, ಔಷಧದ ಹೆಸರು ಆಮೇಲೆ ನೋಡೋಣ.

ಎರಡನ್ನೂ ಸೇರಿಸುವಲ್ಲಿ ಒಂದು ತೊಡಕಿದೆ, ಕೈಪತ್ರದಲ್ಲಿ ಬರಲಿ. ಪೀಟರ್ ಲೆವಿನ್ ಅವರ ಸೊಮ್ಯಾಟಿಕ್ ಪದ್ಧತಿಯಲ್ಲಿ ನೋವನ್ನು ಸ್ವಲ್ಪ ಸ್ವಲ್ಪವೇ ಮುಟ್ಟಿ, ಮತ್ತೆ ನೆಮ್ಮದಿಯ ಕಡೆ ಬಂದು, ಮತ್ತೆ ಹೋಗುತ್ತಾರೆ. ಸೈಕೆಡೆಲಿಕ್ ಹಾಗಲ್ಲ. ಆಲಮಟ್ಟಿಯ ಗೇಟು ಎಲ್ಲಾ ಒಟ್ಟಿಗೆ ಎತ್ತಿದಂಗೆ. ಅದಕ್ಕೇ ಪಾದ ನೆಲಕ್ಕೆ ಊರುವುದು, ಉಸಿರು ಉದ್ದ ಮಾಡುವುದು, ನಡುಕ ಬಂದರೆ ಬಿಗಿಹಿಡಿಯದೆ ಬಿಡುವುದು, ಇವನ್ನೆಲ್ಲ ಮೊದಲೇ ಕಲಿಸಿರಬೇಕು. ಸೇರಿಸಿದರೆ ಜಾಸ್ತಿ ಗುಣ ಅಂತ ಮಾತ್ರ ಬರೆಯಬೇಡಿ. ದೊಡ್ಡ ಪ್ರಯೋಗಗಳು ಅಳೆದದ್ದು ಔಷಧವನ್ನು, ಮೈಯ ಪದ್ಧತಿಗಳನ್ನಲ್ಲ.

ಮೇಷ್ಟ್ರು, ಜಮಖಂಡಿ:

‘ಮೈಯರಿವು’. ತಗೊಳ್ಳಿ.

ಮದ್ದಿನ ವಿಷಯ ಒಪ್ಪಲಾರೆ. ಜನ ಕೆಟ್ಟ ಅರ್ಥ ಹಚ್ಚಿದರು ಅಂತ ಪದವನ್ನೇ ಎಸೆಯುತ್ತಾ ಹೋದರೆ ನಿಘಂಟಿನಲ್ಲಿ ಏನು ಉಳಿಯುತ್ತದೆ? ನೀವು ಹೇಳುವ ‘ಔಷಧ’ವನ್ನೇ ಹೊಲಕ್ಕೂ ಹೊಡೆಯುತ್ತಾರೆ.

ಓದುಗ, ಅಥಣಿ:

‘ಬಗೆದೆರೆಮದ್ದು’ ಪದ ಅಲ್ಲ, ಒಗಟು. ‘ಬಗೆ’ ಅಂದರೆ ಈಗ ತರಹ. ‘ತೆರೆ’ ಅಂದರೆ ಅಲೆ, ಇಲ್ಲಾ ಪರದೆ. ಪರದೆಯ ಒಂದು ತರಹ ಅಂತ ಓದಿಕೊಳ್ಳುತ್ತಾರೆ ಜನ.

‘ಮೈ’ಗೂ ಹುಷಾರು. ಸವದತ್ತಿ ಗುಡ್ಡಕ್ಕೆ ಹೋಗಿ ಬಂದವರಿಗೆ ಔಷಧ, ಮೈ ಎರಡೂ ಒಂದೇ ಫ್ಲೆಕ್ಸಿನಲ್ಲಿ ಕಂಡರೆ ಮೈಮೇಲೆ ಬರುವುದೇ ನೆನಪಾಗುತ್ತದೆ.

ಸೈಕೆಡೆಲಿಕ್ ಅಂತಲೇ ಇಡಿ. ಬೆಳಗಾವಿಯಲ್ಲಿ ಕಾಯಿಲೆ ಬಿದ್ದವನು ದವಾಖಾನೆಗೆ ಹೋಗುತ್ತಾನೆ. ಫಾರಸಿ ಪದ. ಕೂರುವುದು ಖುರ್ಚಿ ಮೇಲೆ, ತಿಂಗಳ ಕೊನೆಗೆ ಎಣಿಸುವುದು ಪಗಾರ. ಇಷ್ಟು ವರ್ಷ ಕನ್ನಡಕ್ಕೆ ಏನೂ ಆಗಿಲ್ಲ.

ಮೇಷ್ಟ್ರು, ಜಮಖಂಡಿ:

ದವಾಖಾನೆ ಜನರ ಬಾಯಲ್ಲಿ ಸವೆದು ನಮ್ಮದಾಯಿತು. ಸೈಕೆಡೆಲಿಕ್ ಯಾರ ಬಾಯಲ್ಲಿ ಸವೆದಿದೆ? ಸವೆದ ಎರವಲು ಬೇರೆ, ನಿನ್ನೆ ಇಳಿಸಿದ ಮಾಲು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದವರ ಜೊತೆ ನಾನು ಮಾತಾಡಲ್ಲ.

ಓದುಗ, ಅಥಣಿ:

ಹೇಳದೆ ಸವೆಯುವುದು ಹೇಗೆ ಸರ್? ದವಾಖಾನೆಯನ್ನೂ ಒಬ್ಬರು ಮೊದಲ ಸಲ ಅಂದಿರಬೇಕಲ್ವಾ?

ಸಮಾಲೋಚಕಿ, ವಿಜಯಪುರ:

ಇಬ್ಬರೂ ಸ್ವಲ್ಪ ತಡೆಯಿರಿ. ‘ಧಾರವಾಡಕ್ಕೆ ಕಳಿಸಬೇಕು ಇವನನ್ನ’ ಅಂದರೆ ನಮ್ಮ ಕಡೆ ಅಲ್ಲಿನ ಮಾನಸಿಕ ಆಸ್ಪತ್ರೆಗೆ ಅಂತ ಅರ್ಥ, ಎಲ್ಲರಿಗೂ ಗೊತ್ತು. ಹೆಸರು ಕೇಳಿ ನಾಚಿ ಚಿಕಿತ್ಸೆ ಬಿಟ್ಟವರನ್ನು ನಾನು ನೋಡಿದ್ದೇನೆ. ನನಗೆ ಶುದ್ಧವಾದ ಪದ ಬೇಕಿಲ್ಲ. ಅಂಜಿಸದ, ಆಸೆ ಹುಟ್ಟಿಸದ ಪದ ಬೇಕು. ಅರ್ಥ ಗೊತ್ತಿಲ್ಲದ ಸೈಕೆಡೆಲಿಕ್ ಆ ಮಟ್ಟಿಗೆ ವಾಸಿ. ಬಂದವರು ಕೇಳುತ್ತಾರೆ, ನಾವು ಹೇಳುತ್ತೇವೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ ಅನುಮತಿ ಪಡೆದ ಮನೋವೈದ್ಯರು ಎಂಡಿಎಂಎ, ಸೈಲೋಸೈಬಿನ್ ಬರೆದುಕೊಡಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಆಗಸ್ಟ್‌ನಲ್ಲಿ ಎಂಡಿಎಂಎಗೆ ಒಪ್ಪದೆ ಇನ್ನೊಂದು ಪ್ರಯೋಗ ಮಾಡಿ ಅಂದಿತು. ದೇಶಗಳೇ ಹಿಂದೆಮುಂದೆ ನೋಡುತ್ತಿರುವಾಗ ‘ಮನಸ್ಸು ತೆರೆಯುವ ಔಷಧ’ ಅಂತ ನಾವು ಫ್ಲೆಕ್ಸ್ ಕಟ್ಟಿದರೆ ಅದು ಜಾಹೀರಾತು.

ಇಂಟಿಗ್ರೇಶನ್‌ಗೆ ‘ಏಕೀಕರಣ’ ಬೇಡ, ರಾಜ್ಯೋತ್ಸವದ ಭಾಷಣ ಆಗುತ್ತದೆ. ‘ಅರಗಿಸಿಕೊಳ್ಳುವುದು’ ಅನ್ನಿ. ಆ ದಿನ ಒಳಗೆ ಎದ್ದದ್ದನ್ನು ಮುಂದಿನ ವಾರಗಳಲ್ಲಿ ಮನೆ, ಕೆಲಸ, ಸಂಬಂಧಗಳ ನಡುವೆ ನಿಧಾನಕ್ಕೆ ಅರಗಿಸಿಕೊಳ್ಳುವುದು.

ಅನುವಾದಕಿ, ಬೆಳಗಾವಿ:

ಫೈಲ್ ಹೋಯಿತು. ದೊಡ್ಡ ಅಕ್ಷರದಲ್ಲಿ ‘ಮನಸ್ಸಿನ ಗಾಯ, ಮೈಯರಿವು’. ಕೆಳಗೆ ‘ಸೈಕೆಡೆಲಿಕ್ ನೆರವಿನ ಚಿಕಿತ್ಸೆ: ಒಂದು ತಿಳಿವಳಿಕೆ’. ಒಳಪುಟದಲ್ಲಿ ‘ಸಿದ್ಧತೆ’, ‘ಔಷಧದ ದಿನ’, ‘ಅರಗಿಸಿಕೊಳ್ಳುವುದು’. ಸ್ಪರ್ಶದ ಒಪ್ಪಿಗೆಗೆ ಬೇರೆ ಚೌಕ ಕೊಟ್ಟಿದ್ದೇನೆ. ಪ್ರೆಸ್‌ನ ಹುಡುಗ ಮಾತ್ರ ಸಾಲು ಸರಿ ಕೂರಲ್ಲ ಅಂತ ‘ಮೈಯ ಅರಿವು’ ಮಾಡಲೇ ಅಂತ ಕೇಳುತ್ತಿದ್ದಾನೆ.

ಮೇಷ್ಟ್ರು, ಜಮಖಂಡಿ:

ಕೂಡದು. ‘ಮೈಯ ಅರಿವು’ ಅಂದರೆ ಮೈಯ ಬಗ್ಗೆ ತಿಳಿದಿರುವುದು, ಅದು ಶಾಲೆಯ ವಿಜ್ಞಾನದ ಪಾಠ. ‘ಮೈಯರಿವು’ ಅಂದರೆ ಮೈಗೇ ಇರುವ ಅರಿವು. ಅಕ್ಷರ ಸಣ್ಣದು ಮಾಡಲಿ. ‘ಚಿಕಿತ್ಸೆ’ ಬಗ್ಗೆ ನನ್ನ ತಕರಾರು ಹಾಗೇ ಇದೆ.

ಓದುಗ, ಅಥಣಿ:

‘ತಕರಾರು’ ಅರಬಿ ಪದ, ಸರ್.