ನೌಕರಿ ಇದ್ದರೂ ಮಗ ಕಮಾಂಡೋ ಆಗಬೇಕು ಅಂತಾನೆ: ಓದುಗರ ಸ್ಪಂದನ

ಕಳೆದ ವಾರ ರೋಣ ತಾಲ್ಲೂಕಿನ ತಾಯಿಯೊಬ್ಬರು ತಮ್ಮ ಚಿಂತೆ ಬರೆದಿದ್ದರು. ಮಗನಿಗೆ 25 ವರ್ಷ. ಪದಾತಿ ದಳದಲ್ಲಿ ಆರು ವರ್ಷದ ಸೇವೆ. ಕಡಲೆ ಕಟಾವಿಗೆಂದು ರಜೆಯ ಮೇಲೆ ಬಂದವನು, ಹೊರಡುವ ಹಿಂದಿನ ರಾತ್ರಿ ‘ಪ್ಯಾರಾ ಕಮಾಂಡೋಗೆ ಹೆಸರು ಕೊಟ್ಟೀನಿ ಅವ್ವಾ’ ಅಂದನಂತೆ. ಪ್ಯಾರಾ ಕಮಾಂಡೋ ಅಂದರೆ ವಿಮಾನದಿಂದ ಜಿಗಿಯುವ ತರಬೇತಿ ಪಡೆದ, ಕಷ್ಟದ ಕಾರ್ಯಾಚರಣೆಗೆ ಹೋಗುವ ಸೇನೆಯ ವಿಶೇಷ ಪಡೆ. ‘ಮಿಲಿಟರಿಗೆ ಕಳಿಸಿದ್ದೇ ಎದೆ ಗಟ್ಟಿ ಮಾಡಿಕೊಂಡು. ಈಗ ಅದಕ್ಕಿಂತ ಕಷ್ಟದ ಕಡೆ ತಾನಾಗಿಯೇ ಯಾಕೆ ಹೋಗಬೇಕು? ಮನೆಯಲ್ಲಿ ನಾವು ಏನಾದರೂ ಕಡಿಮೆ ಮಾಡಿದೆವಾ?’ ಎಂದು ಅವರು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ನಿವೃತ್ತ ಹವಾಲ್ದಾರ, ಬ್ಯಾಡಗಿ ತಾಲ್ಲೂಕು

ಅಕ್ಕಾ, ನಾನು ಬೆಳಗಾವಿಯ ಮರಾಠಾ ರೆಜಿಮೆಂಟಿನ ತರಬೇತಿ ಸೆಂಟರಿನಲ್ಲಿ ರಂಗರೂಟ್, ಅಂದರೆ ಹೊಸ ಸಿಪಾಯಿ ಆಗಿ ಸೇರಿ 22 ವರ್ಷ ನೌಕರಿ ಮಾಡಿದವನು. ನಾನು ಕಮಾಂಡೋ ಆಗಲಿಲ್ಲ. ಆದರೆ ನನ್ನ ಪ್ಲಟೂನಿನಿಂದ ಹೋದ ಹುಡುಗರನ್ನು ಕಣ್ಣಾರೆ ನೋಡಿದ್ದೇನೆ. ನಮ್ಮ ರೆಜಿಮೆಂಟಿಗೂ ಪ್ಯಾರಾಕ್ಕೂ ಹಳೇ ನಂಟಿದೆ. ಇವತ್ತಿನ 21 ಪ್ಯಾರಾ ಮೊದಲು 21 ಮರಾಠಾ ಪಲ್ಟನ್ (ಬೆಟಾಲಿಯನ್) ಆಗಿತ್ತು. 1996ರಲ್ಲಿ ಅದು ಸ್ಪೆಷಲ್ ಫೋರ್ಸಸ್, ಅಂದರೆ ಪ್ಯಾರಾ ಕಮಾಂಡೋ ಪಲ್ಟನ್ ಆಯಿತು. ಹಾಗಾಗಿ ಲಂಗರಿನಲ್ಲಿ ಊಟಕ್ಕೆ ಕೂತಾಗೆಲ್ಲ ಆ ಹೆಸರು ಬರುತ್ತಿತ್ತು, ಹೊಸ ಹುಡುಗರ ಕಿವಿ ನೆಟ್ಟಗಾಗುತ್ತಿತ್ತು.

ಒಂದು ಮಾತು ಗೊತ್ತಿರಲಿ. ಅವನನ್ನು ಯಾರೂ ಅಲ್ಲಿಗೆ ದೂಡುತ್ತಿಲ್ಲ. ಆ ದಳ ಹುಟ್ಟಿದ್ದೇ ತಾವಾಗಿ ಮುಂದೆ ಬಂದವರಿಂದ. 1965ರ ಯುದ್ಧದಲ್ಲಿ ಮೇಜರ್ ಮೇಘ ಸಿಂಗ್ ಬೇರೆ ಬೇರೆ ಪಲ್ಟನ್‌ಗಳ ಜವಾನರನ್ನು ಹೀಗೇ ಕೂಡಿಸಿ ಒಂದು ಸಣ್ಣ ಪಡೆ ಕಟ್ಟಿದ್ದರು. ಅದರ ಕೆಲಸ ನೋಡಿಯೇ ಮರುವರ್ಷ 9 ಪ್ಯಾರಾ ಕಮಾಂಡೋ ಶುರುವಾಯಿತು. ಇವತ್ತಿಗೂ ಪ್ರೊಬೇಷನ್‌ನಲ್ಲಿ (ಸೇರಿಸಿಕೊಳ್ಳುವ ಮೊದಲಿನ ಪರೀಕ್ಷೆಯ ಅವಧಿ) ಯಾವ ದಿನ ಬೇಕಾದರೂ ‘ನನ್ನಿಂದ ಆಗಲ್ಲ’ ಅನ್ನಬಹುದು. ಟ್ರಂಕು ಕಟ್ಟಿಕೊಂಡು ತನ್ನ ಯೂನಿಟ್ಟಿಗೆ ವಾಪಸ್ಸು ಬರಬಹುದು. ನೌಕರಿಗೆ ಏನೂ ಆಗುವುದಿಲ್ಲ.

ದುಡ್ಡಿಗಾಗಿ ಅಂತ ಊರಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಭತ್ಯೆ ಇದೆ, ನಿಜ. ಆದರೆ ಬರೀ ಭತ್ಯೆ ಬೇಕಿದ್ದರೆ ಸಿಯಾಚಿನ್‌ಗೆ ಹೆಸರು ಕೊಡಬಹುದಿತ್ತು. ಅಲ್ಲಿ ಜವಾನನ ಭತ್ಯೆಯನ್ನು 2017ರಲ್ಲೇ ತಿಂಗಳಿಗೆ 30,000 ರೂಪಾಯಿ ಮಾಡಿದ್ದಾರೆ.

ಮತ್ತೆ ಯಾಕೆ ಹೋಗುತ್ತಾರೆ? ನಮ್ಮ ಕಡೆ ದೀಪಾವಳಿ ಮುಗಿದ ಮೇಲೆ ಹೋರಿ ಹಬ್ಬ ಇರುತ್ತದೆ, ನೀವೂ ನೋಡಿರಬಹುದು. ಕೊಬ್ಬರಿ ಹಾರ ಕಟ್ಟಿದ ಹೋರಿ ಓಡಿಬರುವಾಗ ಸುಮಾರು ಹುಡುಗರು ಜನ ನೋಡಲಿ ಅಂತ ನುಗ್ಗುತ್ತಾರೆ. ಇನ್ನು ಕೆಲವರಿಗೆ ಜನ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ‘ನನ್ನ ಕೈಲಿ ಆಗುತ್ತಾ?’ ಅನ್ನೋದು ಗೊತ್ತಾಗದೆ ಅವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಫೌಜಿನಲ್ಲೂ ಈ ಎರಡು ತರಹದವರೂ ಹೆಸರು ಕೊಡುತ್ತಾರೆ. ಆದರೆ ಬೆಳಗಿನ ಜಾವ ಮೂರು ಗಂಟೆಗೆ, ಬೆನ್ನ ಮೇಲೆ ಪಿಟ್ಟೂ ಚೀಲ ಹೊತ್ತು, ನಿದ್ದೆಗೆಟ್ಟು ನಡೆಯುವಾಗ ಚಪ್ಪಾಳೆ ಹೊಡೆಯುವವರು ಯಾರೂ ಇರುವುದಿಲ್ಲ. ಜನರಿಗೆ ತೋರಿಸಲು ಹೋದವರು, ಹುಡುಗಿ ಕೈಬಿಟ್ಟಳು ಅಂತ ಸಿಟ್ಟಿನಲ್ಲಿ ಹೋದವರು ಅಲ್ಲೇ ಕೂತುಬಿಡುತ್ತಾರೆ. ನಾನು ನೋಡಿದ ಹಾಗೆ, ದಾಟಿದವರೆಲ್ಲ ಮಾತು ಕಡಿಮೆ ಇದ್ದ ಹುಡುಗರು.

ನಿಮ್ಮ ಮಗ ಇಡೀ ರಜೆ ಕಡಲೆ ಕಿತ್ತು, ಹೊರಡುವ ಹಿಂದಿನ ರಾತ್ರಿ ಒಂದೇ ಮಾತಿನಲ್ಲಿ ಹೇಳಿದ ಅಂತ ಬರೆದಿದ್ದೀರಿ. ಅದನ್ನು ಓದಿ ನನಗೆ ಅವನ ಮೇಲೆ ಭರವಸೆ ಬಂತು.

ಒಬ್ಬ ಶಿಕ್ಷಕ, ಕುಂದಗೋಳ ತಾಲ್ಲೂಕು

ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನಮ್ಮ ತಾಲ್ಲೂಕಿನವರು. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದರು ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲಿನ ಕತೆ ಅಷ್ಟಾಗಿ ಯಾರೂ ಹೇಳುವುದಿಲ್ಲ. ಅವರ 13 ವರ್ಷದ ಸೇವೆಯಲ್ಲಿ 10 ವರ್ಷ ಕಷ್ಟದ ಜಾಗಗಳಲ್ಲೇ ಕಳೆಯಿತು. ಒಮ್ಮೆ ಕಾಶ್ಮೀರದಲ್ಲಿದ್ದು ಬಂದ ಮೇಲೆ, 2008ರಲ್ಲಿ ತಾವಾಗಿಯೇ ಕೇಳಿಕೊಂಡು, ಕಾಶ್ಮೀರದಲ್ಲಿ ಉಗ್ರರ ವಿರುದ್ಧ ಹೋರಾಡುವ ರಾಷ್ಟ್ರೀಯ ರೈಫಲ್ಸ್‌ಗೆ ಹೋದರು. ಆಮೇಲೆ ಈಶಾನ್ಯಕ್ಕೂ ಹಾಗೇ ಕೇಳಿಕೊಂಡೇ ಹೋದರು. ಅವರು ಕಮಾಂಡೋ ಅಲ್ಲ, ಮದ್ರಾಸ್ ರೆಜಿಮೆಂಟಿನ ಜವಾನ. ಕಷ್ಟದ ಕಡೆ ‘ನಾನು ಹೋಗ್ತೀನಿ’ ಅನ್ನುವವರು ಎಲ್ಲ ಪಲ್ಟನ್‌ನಲ್ಲೂ ಇರುತ್ತಾರೆ.

ಅವರು ತೀರಿಕೊಂಡ ದಿನ ತರಗತಿಯಲ್ಲಿ ಏಳನೇ ಕ್ಲಾಸಿನ ಹುಡುಗನೊಬ್ಬ ‘ಗೊತ್ತಿದ್ದೂ ಯಾಕೆ ಹೋದರು ಸರ್?’ ಎಂದು ಕೇಳಿದ. ನಿಮ್ಮದೇ ಪ್ರಶ್ನೆ. ‘ಬೇರೆ ಯಾರಾದರೂ ಹೋಗಲೇಬೇಕಿತ್ತಲ್ಲ’ ಎಂದೆ. ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ.

ಸೈನಿಕನ ಹೆಂಡತಿ, ಧಾರವಾಡ

ಅಮ್ಮಾ, ನಮ್ಮ ಮನೆಯವರು ಪ್ಯಾರಾದಲ್ಲಿ ಒಂಬತ್ತು ವರ್ಷದಿಂದ ಇದ್ದಾರೆ. ಮದುವೆಯಾದ ಹೊಸದರಲ್ಲಿ ನನಗೂ ಅರ್ಥವಾಗುತ್ತಿರಲಿಲ್ಲ. ಸಿಟ್ಟೂ ಬರುತ್ತಿತ್ತು. ರಜೆಗೆ ಬಂದರೂ ಫೋನಿನಲ್ಲಿ ‘ನಮ್ಮ ಹುಡುಗರು, ನಮ್ಮ ಹುಡುಗರು’. ಮನೆಯಲ್ಲಿ ನಾವು ಯಾರು ಹಾಗಾದರೆ ಅನಿಸುತ್ತಿತ್ತು.

ಮೂರು ವರ್ಷದ ಹಿಂದೆ ಮಾವನಿಗೆ ಹುಬ್ಬಳ್ಳಿಯಲ್ಲಿ ಹೃದಯದ ಆಪರೇಷನ್ ಆಯಿತು. ಇವರಿಗೆ ಬರಲು ಆಗಲಿಲ್ಲ. ಎಲ್ಲಿದ್ದರು ಅನ್ನೋದೂ ನಮಗೆ ಗೊತ್ತಿರಲಿಲ್ಲ. ಎರಡನೇ ದಿನ ಆಸ್ಪತ್ರೆಗೆ ಒಬ್ಬ ಹುಡುಗ ಬಂದ. ಇವರದೇ ತಂಡದವನು, ಗಢವಾಲ್ ಕಡೆಯವನು. ತನ್ನ ರಜೆಯಲ್ಲಿ ಊರಿಗೆ ಹೋಗುವುದು ಬಿಟ್ಟು ಇಲ್ಲಿಗೆ ಬಂದಿದ್ದ. ಒಂಬತ್ತು ರಾತ್ರಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಮಲಗಿದ. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಮಾವನಿಗೆ ಹಿಂದಿ ಬರುತ್ತಿರಲಿಲ್ಲ. ಆದರೂ ಮಾವನಿಗೆ ಯಾವಾಗ ನೀರು ಬೇಕು ಅನ್ನೋದು ನನಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಅವನು ಹೊರಟ ದಿನ ಮಾವ ಅವನ ಕೈ ಹಿಡಿದು ಅತ್ತರು. ಇವರು ಯಾಕೆ ಅಲ್ಲೇ ಇರಬೇಕು ಅಂತಾರೆ ಅನ್ನೋದು ನನಗೆ ಅವತ್ತು ಗೊತ್ತಾಯಿತು. ಕತ್ತಲಲ್ಲಿ ಇಂಥವನು ಪಕ್ಕದಲ್ಲಿದ್ದಾನೆ ಅಂದರೆ ಧೈರ್ಯ ಎಷ್ಟಿರುತ್ತೆ ಅಲ್ವಾ?

ನೀವು ಮಾಡಬೇಕಾದ ಕೆಲಸ ಒಂದಿಷ್ಟಿದೆ. ನಿಮ್ಮ ಹೆಸರು ಅವನ ದಾಖಲೆಯಲ್ಲಿ, ಅಂದರೆ ಪಾರ್ಟ್ ಟು ಆರ್ಡರಿನಲ್ಲಿ ಸರಿಯಾಗಿ ಬಂದಿದೆಯಾ ಕೇಳಿ. ಆಧಾರ್‌ನಲ್ಲಿ ಒಂದು, ಅಲ್ಲಿ ಇನ್ನೊಂದು ಕಾಗುಣಿತ ಇದ್ದರೆ ಆಮೇಲೆ ತುಂಬಾ ಓಡಾಟ. ನಾಮಿನಿ ಯಾರು ಅಂತ ನೋಡಿಕೊಳ್ಳಿ. ಇದನ್ನು ಕೇಳಿದರೆ ಅಪಶಕುನ ಅಂತ ನಾನು ಎರಡು ವರ್ಷ ಕೇಳಲೇ ಇಲ್ಲ. ನೀವು ಹಾಗೆ ಮಾಡಬೇಡಿ. ವಾರಗಟ್ಟಲೆ ಫೋನ್ ಬರದೆ ಇರುತ್ತೆ. ಆಗ ಟಿವಿ ಸುದ್ದಿ ಹಾಕಿಕೊಂಡು ಕೂರಬೇಡಿ.

ಜವಾನ, ಸವಣೂರು ತಾಲ್ಲೂಕು

ನಾನು ಪ್ಯಾರಾಕ್ಕೆ ಹೋಗಿ ಆರ್‌ಟಿಯು ಆದವನು, ಅಂದರೆ ನನ್ನ ಯೂನಿಟ್ಟಿಗೆ ವಾಪಸ್ ಕಳಿಸಲಾದವನು. ಅದಕ್ಕೂ ಮೊದಲು ಕಾಶ್ಮೀರದಲ್ಲಿದ್ದಾಗ ಒಂದು ರಾತ್ರಿ ಪ್ಯಾರಾದವರ ತಂಡ ನಮ್ಮ ಪೋಸ್ಟಿಗೆ ಬಂದಿತ್ತು. ಒಬ್ಬರ ಸಾಮಾನು ಒಬ್ಬರು ಮುಟ್ಟಿ ನೋಡಿ ಸರಿಮಾಡಿದರು. ಮಾತೇ ಇಲ್ಲ. ಹತ್ತು ನಿಮಿಷದಲ್ಲಿ ಕತ್ತಲಲ್ಲಿ ಕರಗಿಹೋದರು. ಇಷ್ಟು ಚೆನ್ನಾಗಿ ಕೆಲಸ ಬಲ್ಲವರ ನಡುವೆ ಇರಬೇಕು ಅಂತ ಅವತ್ತೇ ಅನಿಸಿತು. ಗರಡಿಯಲ್ಲಿ ತನಗಿಂತ ಗಟ್ಟಿ ಆಳಿನ ಜೊತೆ ಹಿಡಿದರೆ ತಾನೇ ಪಟ್ಟು ಬರೋದು.

40 ಕಿಲೋಮೀಟರಿನ ನಡಿಗೆಯಲ್ಲಿ ನನ್ನ ಪಾದದ ಕೀಲು ಹೋಯಿತು. ವಾಪಸ್ಸು ಬಂದಾಗ ಅವಮಾನ ಆಗುತ್ತೆ ಅಂದುಕೊಂಡಿದ್ದೆ. ಪಲ್ಟನ್‌ನಲ್ಲಿ ಯಾರೂ ಒಂದು ಮಾತು ಆಡಲಿಲ್ಲ. ಕಾಲು ವಾಸಿಯಾದ ಮೇಲೆ ಬೆಳಗಾವಿಯಲ್ಲಿ ಕಮಾಂಡೋ ಕೋರ್ಸ್ ಮಾಡಿ, ಈಗ ನಮ್ಮ ಪಲ್ಟನ್‌ನ ಘಾತಕ್ ಪ್ಲಟೂನಿನಲ್ಲಿದ್ದೇನೆ, ಅಂದರೆ ಮುಂದೆ ನುಗ್ಗಿ ದಾಳಿ ಮಾಡುವ ಆಯ್ದ ಜವಾನರ ತಂಡದಲ್ಲಿ. ಪದಾತಿ ದಳದ ಪ್ರತಿ ಪಲ್ಟನ್‌ಗೂ ಇಂಥದೊಂದು ಪ್ಲಟೂನ್ ಇರುತ್ತೆ ಅವ್ವಾ. ಅವನು ವಾಪಸ್ಸು ಬಂದರೆ ‘ಯಾಕೆ ಆಗಲಿಲ್ಲ?’ ಅಂತ ಕೇಳಬೇಡಿ. ನಮ್ಮವ್ವ ಕೇಳಲಿಲ್ಲ. ಅದು ನನಗೆ ಜಾಸ್ತಿ ಧೈರ್ಯ ಕೊಟ್ಟಿತು.

ಒಬ್ಬ ತಂದೆ, ನರಗುಂದ

ಎಲ್ಲರೂ ಹೆಮ್ಮೆ ಪಡಿ ಅಂತಲೇ ಬರೆದಿರುತ್ತಾರೆ. ನಾನು ಹಾಗೆ ಬರೆಯಲಾರೆ. ಹೆತ್ತವರಿಗೆ ಹೆದರುವ ಹಕ್ಕಿದೆ. ನನಗಿರುವುದು ಒಬ್ಬನೇ ಮಗ. ಅವನು ಕೇಳಿದಾಗ ‘ನಿನ್ನ ತಂಗಿಯ ಮದುವೆ ಆಗಲಿ, ಆಮೇಲೆ ಹೋಗು’ ಎಂದೆ. ಒಂದೂವರೆ ವರ್ಷ ತಡೆದು ಹೋದ. ತಡೆದಿದ್ದಕ್ಕೆ ಅವನಿಗೂ ಬೇಸರವಿಲ್ಲ, ಕೇಳಿದ್ದಕ್ಕೆ ನನಗೂ ನಾಚಿಕೆಯಿಲ್ಲ. ನಿಮ್ಮ ಭಯವನ್ನು ನುಂಗಿಕೊಂಡು ಕೂರಬೇಡಿ, ಅವನ ಮುಂದೆ ಹೇಳಿ. ಆಮೇಲೆ ಅವನು ಹೇಳುವುದನ್ನೂ ಪೂರ್ತಿ ಕೇಳಿ.

ಒಬ್ಬ ಅಕ್ಕ, ಗದಗ

ನನ್ನ ತಮ್ಮ ಪ್ರೊಬೇಷನ್ ಮುಗಿಸಿ, ಆಗ್ರಾದಲ್ಲಿ ಐದು ಸಲ ವಿಮಾನದಿಂದ ಜಿಗಿದು, ಪ್ಯಾರಾದವರ ಮರೂನ್ ಟೋಪಿ ಹಾಕಿಕೊಂಡು ಮನೆಗೆ ಬಂದಾಗ ಒಂಬತ್ತು ಕೆಜಿ ಇಳಿದಿದ್ದ. ಬಾಗಿಲಲ್ಲೇ ಕೇಳಿದ್ದು ಜೋಳದ ರೊಟ್ಟಿ, ಎಣ್ಣೆಗಾಯಿ. ಅಂಗಾಲಿನ ಚರ್ಮ ಪೂರ್ತಿ ಎದ್ದಿತ್ತು. ನಿಮ್ಮ ಮಗ ಪ್ರೊಬೇಷನ್ನಿಗೆ ಇನ್ನೂ ಹೊರಟಿಲ್ಲದಿದ್ದರೆ ದಪ್ಪ ಕಾಲುಚೀಲ ಮೂರು ಜೊತೆ ಕೊಂಡು ಕಳಿಸಿ. ಶೇಂಗಾ ಉಂಡಿಯನ್ನೂ ಕಟ್ಟಿಕೊಡಿ, ತಂಡದವರಿಗೂ ಸಾಕಾಗುವಷ್ಟು.